ನಕ್ಷೆಯ ಮೇಲೊಂದು ಬೇಲಿ

ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಠಾಣೆಗೆ ಬಂದ ಹೆಂಗಸಿನ ಕೈಯಿಂದ ಪೆನ್ನು ಎರಡು ಸಲ ಮೇಜಿನಡಿಗೆ ಬಿತ್ತು. ಜೊತೆಗೆ ಬಂದಿದ್ದ ಎತ್ತರದ ಗಂಡಸು ಅದನ್ನು ಎತ್ತಿಕೊಂಡು, “ನೀನು ಹೇಳ್ತಾ ಹೋಗಮ್ಮ, ನಾನು ಬರೀತೀನಿ” ಎಂದ. ಅವನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಅವಳ ಗಂಡ ವ್ಯಾನ್ ಓಡಿಸುವವನು. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಮೇಲ್ಸೇತುವೆಯ ತಿರುವಿನಲ್ಲಿ ಕೆಟ್ಟು ನಿಂತ ವ್ಯಾನಿನ ಪಕ್ಕದಲ್ಲಿದ್ದಾಗ, ಹಿಂದಿನಿಂದ ಬಂದ ಟ್ಯಾಂಕರ್ ಗುದ್ದಿತ್ತು. ಟ್ಯಾಂಕರ್ ನಿಲ್ಲದೆ ಪರಾರಿ. ಗಂಡನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕೆಂದು ವೈದ್ಯರು ಹೇಳಿದ್ದರು.

ಇನ್ಸ್‌ಪೆಕ್ಟರ್ ಮೇಡಂ ದೂರನ್ನು ಗಟ್ಟಿಯಾಗಿ ಓದಿದರು. ಹೆಂಗಸು ನಡುವೆಯೇ ತಡೆದಳು.

“ಕೆಟ್ಟು ನಿಂತ ಅಂತ ಬರ್ದಿದೀರಲ್ಲ ಅಣ್ಣಾ, ಅವರು ಹಾಗಂದಿಲ್ಲ. ಯಾರೋ ಕತ್ತು ಹಿಚುಕಿದ ಹಾಗೆ ಗಾಡಿ ಗಪ್ಪಂತ ಆರಿಹೋಯ್ತು ಅಂದ್ರು. ಹಾಗೇ ಬರೀರಿ.”

“ಎರಡೂ ಒಂದೇ ಅಲ್ವಾಮ್ಮ?”

“ಒಂದೇ ಆದ್ರೆ ಬರೆಯೋಕೇನು ಕಷ್ಟ?” ಎಂದರು ಇನ್ಸ್‌ಪೆಕ್ಟರ್. ಅವನು ಬರೆದ. ಅವಳು ಸಹಿ ಹಾಕಿದಳು. ಅಪರಿಚಿತ ಟ್ಯಾಂಕರ್ ಚಾಲಕನ ಮೇಲೆ ಎಫ್‌ಐಆರ್ ದಾಖಲಾಯಿತು.

ಅವರಿಬ್ಬರೂ ಹೋದ ಮೇಲೆ ಹೆಡ್ ಕಾನ್ಸ್‌ಟೇಬಲ್ ಹೇಳಿದ: “ಮೇಡಂ, ಆ ಉದ್ದಣ್ಣನ್ನ ಈ ಪೇಟೇಲಿ ಅರಿಯದವರಿಲ್ಲ. ಆಸ್ಪತ್ರೇಲಿ ಮಲಗಿರೋನು ಗಿಡ್ಡಣ್ಣ. ಇಪ್ಪತ್ತು ವರ್ಷದ ಹಿಂದೆ ಇಬ್ಬರೂ ಒಂದೇ ಗಾಡಿಗೆ ಪಾಳಿ ಮೇಲೆ ಡ್ರೈವರ್‌ಗಳು. ಆಮೇಲೆ ಕೂಡಿ ಒಂದು ಹಳೇ ವ್ಯಾನ್ ಕೊಂಡ್ರು. ಈಗ ಒಂಬತ್ತಿವೆ. ಔಷಧಿ ಅಂಗಡಿಗಳಿಗೆ ಮಾಲು ಹಾಕ್ತಾರೆ. ಉದ್ದಣ್ಣ ಕುರ್ಚಿ ಹಿಡಿದ, ಗಿಡ್ಡಣ್ಣ ಸ್ಟೀರಿಂಗ್ ಬಿಡ್ಲಿಲ್ಲ. ಒಂದೇ ಪ್ರಾಣ ಎರಡು ದೇಹ ಅಂತಾರೆ. ಅಳತೆ ಮಾತ್ರ ಬೇರೆ.”

ಅಂದು ಸಂಜೆ ನಾಲ್ಕಕ್ಕೆ ಸ್ಥಳ ಪಂಚನಾಮೆ ನಡೆಯಿತು. ತಿರುವಿನಲ್ಲಿ ಒಡೆದ ಗಾಜು, ಚಕ್ರ ಉಜ್ಜಿದ ಕಪ್ಪು ಗೆರೆ, ತಡೆಗೋಡೆಯ ಬುಡದಲ್ಲಿ ಒಂದು ಚಪ್ಪಲಿ. ವ್ಯಾನಿನ ಹಿಂಬದಿ ಬಲಮೂಲೆ ಜಜ್ಜಿತ್ತು, ಮುಂಭಾಗ ಸರಿಯಾಗಿಯೇ ಇತ್ತು. ಪಂಚರ ಎದುರು ಕಾನ್ಸ್‌ಟೇಬಲ್ ಕೀಲಿ ತಿರುಗಿಸಿದ. ಇಂಜಿನ್ ಮೊದಲ ಸಲಕ್ಕೇ ಗುರ್ರೆಂದಿತು.

“ಬೆಳಿಗ್ಗೆ ಸತ್ತದ್ದು ಸಂಜೆ ತಾನಾಗಿ ಎದ್ದು ಕೂತಿದೆ” ಎಂದ ಹೆಡ್ ಕಾನ್ಸ್‌ಟೇಬಲ್. ಇನ್ಸ್‌ಪೆಕ್ಟರ್ ನಗಲಿಲ್ಲ. ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಪರೀಕ್ಷೆಗೆ ಕಳಿಸುವಂತೆ ಪತ್ರ ಬರೆಸಿದರು.

ಬುಧವಾರ ಬೆಳಿಗ್ಗೆ ಅವರು ಉದ್ದಣ್ಣನ ಕಚೇರಿಗೆ ಹೋದರು. ಒಂದೇ ಕೋಣೆ. ಗೋಡೆಗೆ ದೊಡ್ಡ ಪರದೆ, ಅದರಲ್ಲಿ ನಗರದ ನಕ್ಷೆ, ನಕ್ಷೆಯ ಮೇಲೆ ತೆವಳುವ ಚುಕ್ಕೆಗಳು. ಉದ್ದಣ್ಣನ ಕಣ್ಣು ಕೆಂಪಾಗಿತ್ತು. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಿದ್ದ. ಆದರೂ ಟೀ ತರಿಸಿ ತಾಳ್ಮೆಯಿಂದ ವಿವರಿಸಿದ.

“ಹಸಿರು ಅಂದ್ರೆ ಓಡ್ತಾ ಇದೆ. ಹಳದಿ ಅಂದ್ರೆ ಇಂಜಿನ್ ಉರೀತಿದೆ, ಗಾಡಿ ನಿಂತಿದೆ. ಡೀಸೆಲ್ ದಂಡ ಅಂತ ನಾವು ಬೈಯೋದು ಅದಕ್ಕೇ. ಕೆಂಪು ಅಂದ್ರೆ ಪೂರ್ತಿ ಆರಿದೆ. ಯಾವ ಅಂಗಡಿಗೆ ಯಾರು ಹತ್ತಿರ ಇದಾರೆ ಅಂತ ನೋಡಿ ಇಲ್ಲಿಂದ್ಲೇ ಹೇಳ್ತೀನಿ. ಮೊದ್ಲು ಎಂಟು ಗಂಟೆ ಆಗ್ತಿದ್ದ ಸುತ್ತು ಈಗ ಐದೂವರೆಗೆ ಮುಗಿಯತ್ತೆ. ಇಗೋ, ಹೀಗೆ ನಕ್ಷೆ ಮೇಲೆ ಬೆರಳಲ್ಲಿ ಗೆರೆ ಸುತ್ತಿದ್ರೆ ಬೇಲಿ. ಗಾಡಿ ಬೇಲಿ ದಾಟಿದ್ರೆ ನಮ್ಮ ಫೋನಿಗೆ ಸುದ್ದಿ ಬರತ್ತೆ.”

“ಗಾಡಿ ಕಳುವಾದ್ರೆ?”

“ಎಲ್ಲಿದೆ ಅಂತ ಕಾಣತ್ತಲ್ಲ ಮೇಡಂ. ಹೋಗಿ ಹಿಡಿಯೋದು.”

ಇನ್ಸ್‌ಪೆಕ್ಟರಿಗೆ ಆ ಮನುಷ್ಯ ಹಿಡಿಸಿದ. ಗೆಳೆಯನ ಕಾಲು ಹೋದ ಮರುದಿನವೂ ಎಂಟು ಡ್ರೈವರ್‌ಗಳ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತಿದ್ದಾನೆ, ಇಂಥವರು ಎಷ್ಟು ಜನ ಸಿಗುತ್ತಾರೆ ಎಂದುಕೊಂಡರು. ಮುಂದೆ ಬಹಳ ದಿನ ಅವರನ್ನು ಚುಚ್ಚಿದ್ದು ಆ ಟೀಯೇ. ಅವರು ಅದನ್ನು ಹೊಗಳಿ ಕುಡಿದಿದ್ದರು.

ಮಧ್ಯಾಹ್ನ ವಾಹನ ನಿರೀಕ್ಷಕರ ಫೋನ್ ಬಂತು. “ಯಾಂತ್ರಿಕ ದೋಷ ಏನೂ ಇಲ್ಲ. ಆದ್ರೆ ಡೀಸೆಲ್ ಹೋಗೋ ಪಂಪಿನ ವೈರಿಗೆ ಒಂದು ರಿಲೇ ಸ್ವಿಚ್ಚು ಕೂಡಿಸಿದಾರೆ. ಜಿಪಿಎಸ್‌ನವರ ಕೆಲಸ. ಗಾಡಿ ಕದ್ದುಕೊಂಡು ಹೋದ್ರೆ ಕೂತಲ್ಲಿಂದ್ಲೇ ಇಂಜಿನ್ ಆರಿಸಬಹುದು. ಮತ್ತೆ ಬಿಡುಗಡೆ ಮಾಡೋವರೆಗೂ ಸ್ಟಾರ್ಟ್ ಆಗಲ್ಲ.”

ಇನ್ಸ್‌ಪೆಕ್ಟರ್ ಫೋನ್ ಕೆಳಗಿಟ್ಟರು. ಕಳವಿನ ಬಗ್ಗೆ ತಾವೇ ಕೇಳಿದ್ದರು. ಅಷ್ಟು ಬಿಡಿಸಿ ಹೇಳಿದವನು ಇದೊಂದನ್ನು ಹೇಳಿರಲಿಲ್ಲ. ಜಿಪಿಎಸ್ ಕಂಪನಿಗೆ ನೋಟಿಸು ಹೊರಟಿತು.

ಅದೇ ಸಂಜೆ, ಸೇತುವೆಯ ಕ್ಯಾಮೆರಾ ಕೊಟ್ಟ ಸಂಖ್ಯೆ ಹಿಡಿದು ಹೋದ ಕಾನ್ಸ್‌ಟೇಬಲ್‌ಗಳು ಟ್ಯಾಂಕರ್ ಚಾಲಕನನ್ನು ಕರೆತಂದರು. ಇನ್ನೂ ಮೀಸೆ ಸರಿಯಾಗಿ ಬಾರದ ಮುಖ. ಕೂರು ಅಂದರೂ ಕೂರಲಿಲ್ಲ.

“ಯಾಕೆ ಓಡಿ ಹೋದೆ?”

“ಹೆದರಿಕೆ, ಮೇಡಂ.”

“ನಿಂತ ಗಾಡಿ ಕಾಣಲಿಲ್ವಾ?”

“ತಿರುವು ಮೇಡಂ. ಕಂಡಾಗ ತಡವಾಗಿತ್ತು. ಪಕ್ಕದಲ್ಲಿ ಬಸ್ಸು, ಆ ಕಡೆ ಎಳೆಯೋಕಾಗ್ಲಿಲ್ಲ. ಬ್ರೇಕ್ ತುಳಿದೆ, ಹಾರನ್ ಮೇಲೆ ಹಾರನ್ ಹೊಡೆದೆ. ಆ ಮನುಷ್ಯ ನನಗೆ ಬೆನ್ನು ಹಾಕಿ ಫೋನಲ್ಲಿ ಮಾತಾಡ್ತಾ ಕಲ್ಲಿನ ಹಾಗೆ ನಿಂತಿದ್ದ. ಒಂದು ಹೆಜ್ಜೆ ಸರಿದಿದ್ರೆ ಸಾಕಿತ್ತು. ತಿರುಗಿ ಕೂಡ ನೋಡಲಿಲ್ಲ.”

ಅವನ ಹೇಳಿಕೆ ದಾಖಲಾಯಿತು. ತಪ್ಪಿಸಿಕೊಂಡು ಹೋದದ್ದಕ್ಕೆ ಅವನ ಮೇಲಿನ ಮೊಕದ್ದಮೆ ಹಾಗೇ ಉಳಿಯಿತು. ಆದರೆ ಇನ್ಸ್‌ಪೆಕ್ಟರಿಗೆ ಅವನ ಮಾತು ಸುಳ್ಳೆನಿಸಲಿಲ್ಲ.

ಗುರುವಾರ ವೈದ್ಯರ ಅನುಮತಿ ಸಿಕ್ಕಿತು. ಗಿಡ್ಡಣ್ಣ ಮಂಚದ ಮೇಲೆ ಇನ್ನೂ ಗಿಡ್ಡವಾಗಿ ಕಂಡ. ಹೊದಿಕೆ ಒಂದು ಕಡೆ ಅರ್ಧಕ್ಕೇ ತಗ್ಗಿತ್ತು. ಇನ್ಸ್‌ಪೆಕ್ಟರ್ ಬಲಗಡೆ ಕುರ್ಚಿ ಎಳೆದುಕೊಂಡು ಕೇಳಿದರು: “ಇಂಜಿನ್ ಆರಿದ ಮೇಲೆ ಯಾರಿಗೆ ಫೋನ್ ಮಾಡಿದ್ರಿ?”

“ಹ್ಞೂ ಮೇಡಂ, ನೋವು ಸ್ವಲ್ಪ ಕಮ್ಮಿ.”

ಹೆಂಡತಿ ಎದ್ದು ಮಂಚ ಸುತ್ತಿ ಎಡಕ್ಕೆ ಹೋಗಿ, ಕಿವಿಯ ಹತ್ತಿರ ಬಾಗಿ ಅದೇ ಪ್ರಶ್ನೆಯನ್ನು ಹೇಳಿದಳು. ಅವನ ಮುಖ ಅರಳಿತು.

“ಇನ್ಯಾರಿಗೆ? ನಮ್ಮ ಉದ್ದನಿಗೆ! ಕೀ ತಿರುಗಿಸಿ ನೋಡು, ಬ್ಯಾಟರಿ ವೈರು ನೋಡು, ಫ್ಯೂಸ್ ನೋಡು ಅಂತ ಹೇಳ್ತಾನೇ ಇದ್ದ. ಪಾಪ, ಅವನಿಗೂ ಗಾಬರಿ. ಅಷ್ಟರಲ್ಲಿ ಆಯ್ತು.”

ದೂರಿನಲ್ಲಿ ಆ ಕರೆಯ ಸುದ್ದಿಯೇ ಇರಲಿಲ್ಲ. ಬರೆದವನು ಉದ್ದಣ್ಣ.

ಇನ್ಸ್‌ಪೆಕ್ಟರ್ ಹೆಂಡತಿಯನ್ನು ವರಾಂಡಕ್ಕೆ ಕರೆದರು. “ಬಲಗಿವಿ ಯಾವಾಗಿನಿಂದ ಕೇಳಿಸಲ್ಲ?”

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಒಂದು ವರ್ಷ ಆಯ್ತು. ಪೂರ್ತಿ ಹೋಗಿದೆ, ಎಡಗಿವಿಯೂ ಮಂದ ಆಗ್ತಿದೆ. ಎಡಗಿವಿಗೆ ಯಂತ್ರ ಹಾಕ್ತೀವಿ ಅಂತ ಕಿವಿ ಡಾಕ್ಟ್ರು ಹೇಳಿದಾರೆ, ಮೂರು ಮಂಗಳವಾರದಿಂದ ಹೋಗ್ತಿದ್ರು. ದಮ್ಮಯ್ಯ ಮೇಡಂ, ಅಣ್ಣನಿಗೆ ಮಾತ್ರ ಹೇಳ್ಬೇಡಿ. ಗೊತ್ತಾದ್ರೆ ಸ್ಟೀರಿಂಗ್ ಮುಟ್ಟೋಕೆ ಬಿಡಲ್ಲ, ಕುರ್ಚೀಲಿ ಕೂರಿಸಿಬಿಡ್ತಾನೆ ಅಂತ ಇವರಿಗೆ ಭಯ. ಯಂತ್ರ ಬಂದ ಮೇಲೆ ನಾನೇ ಹೇಳ್ತೀನಿ ಅಂತಿದ್ರು.”

ಕೇಳುವ ಒಂದೇ ಕಿವಿಯನ್ನು ಆ ಮನುಷ್ಯ ಫೋನಿಗೆ ಕೊಟ್ಟಿದ್ದ. ಹಾರನ್ ಹೊಡೆದದ್ದು ಇನ್ನೊಂದು ಕಿವಿಯ ಕಡೆಗೆ.

ಕಿವಿ ವೈದ್ಯರ ಚಿಕಿತ್ಸಾಲಯ ಒಂದು ಕಾಂಪೌಂಡಿನೊಳಗೆ, ಎರಡನೇ ಮಹಡಿಯಲ್ಲಿತ್ತು. ವೈದ್ಯರು ಮೂರು ಮಂಗಳವಾರದ ಮಾತನ್ನು ದೃಢಪಡಿಸಿದರು. ಕೆಳಗಿಳಿದು ಬರುವಾಗ ಹೆಡ್ ಕಾನ್ಸ್‌ಟೇಬಲ್ ಇನ್ಸ್‌ಪೆಕ್ಟರ್ ಅವರ ತೋಳು ಮುಟ್ಟದೆ ಮುಟ್ಟಿದಂತೆ ಮಾಡಿ ಬೋರ್ಡು ತೋರಿಸಿದ. ನೆಲಮಹಡಿ ಪೂರ್ತಿ ಒಂದು ದೊಡ್ಡ ಸಾಗಣೆ ಕಂಪನಿಯದು. ಅಂಗಳದಲ್ಲಿ ಅದರ ಹೊಚ್ಚ ಹೊಸ ವ್ಯಾನುಗಳು ಸಾಲಾಗಿ ನಿಂತಿದ್ದವು.

“ಉದ್ದಣ್ಣನ ಗಿರಾಕಿಗಳನ್ನ ಒಬ್ಬೊಬ್ಬರಾಗಿ ಕಿತ್ತುಕೊಳ್ತಿರೋರು ಇವರೇ ಮೇಡಂ. ಡ್ರೈವರ್‌ಗಳಿಗೂ ಗಾಳ ಹಾಕ್ತಿದಾರೆ.”

ಇನ್ಸ್‌ಪೆಕ್ಟರ್ ತಲೆಯೆತ್ತಿ ಎರಡನೇ ಮಹಡಿಯ ಕಿಟಕಿ ನೋಡಿದರು, ಆಮೇಲೆ ಕೆಳಗಿನ ಬಾಗಿಲು ನೋಡಿದರು. ನಕ್ಷೆಯಲ್ಲಿ ಮಹಡಿಗಳಿರುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಜಿಪಿಎಸ್ ಕಂಪನಿಯ ಉತ್ತರ ಬಂತು. ಅಪಘಾತದ ದಿನ 10.21ಕ್ಕೆ ಇಂಜಿನ್ ಆರಿಸುವ ಆಜ್ಞೆ ಹೋಗಿದೆ. ಆಗ ವ್ಯಾನ್ ಸಿಗ್ನಲ್‌ನಲ್ಲಿತ್ತು. ಆಜ್ಞೆ ತಲುಪುವುದು ಒಂದು ನಿಮಿಷ ತಡವಾಗಿ, ವ್ಯಾನ್ ಸೇತುವೆಯ ಮೇಲೆ ನಿಂತಿದೆ. 10.29ಕ್ಕೆ ಬಿಡುಗಡೆಯ ಆಜ್ಞೆ. ಸೇತುವೆಯ ಕ್ಯಾಮೆರಾದ ಪ್ರಕಾರ ಅಪಘಾತ 10.28ಕ್ಕೆ. ಗುದ್ದಿದ ಮರುನಿಮಿಷ ಯಾರೋ ಇಂಜಿನ್ ಬಿಡುಗಡೆ ಮಾಡಿದ್ದರು, ಆಂಬ್ಯುಲೆನ್ಸಿಗೆ ಫೋನ್ ಮಾಡಿದವನು ಮಾತ್ರ ದಾರಿಹೋಕ. ಎರಡೂ ಆಜ್ಞೆ ಕಚೇರಿಯ ಒಂದೇ ಖಾತೆಯಿಂದ ಹೋಗಿದ್ದವು. ಆ ಖಾತೆಯ ಗುಪ್ತಪದ ಇಬ್ಬರು ಗೆಳೆಯರಿಗೂ ಬಿಲ್ಲು ಬರೆಯುವ ಹೆಂಗಸಿಗೂ ಗೊತ್ತಿತ್ತು.

ಬಿಲ್ಲಿನ ಹೆಂಗಸನ್ನು ಠಾಣೆಗೆ ಕರೆಸಿದರು. ಆ ಹೊತ್ತಿಗೆ ತಾನು ಬ್ಯಾಂಕಿನ ಸಾಲಿನಲ್ಲಿದ್ದೆ ಎಂದಳು. ಬ್ಯಾಂಕಿನ ಕ್ಯಾಮೆರಾ ಅದನ್ನೇ ಹೇಳಿತು.

“ಇಂಜಿನ್ ಆರಿಸೋ ಗುಂಡಿ ಒತ್ತೋದು ನಿನಗೆ ಗೊತ್ತಾ?”

“ಗೊತ್ತು. ಒಂದ್ಸಲವೂ ಒತ್ತಿಲ್ಲ. ಗಾಡಿ ಕಳುವಾದ್ರೆ ಮಾತ್ರ ಅಂತ ಉದ್ದಣ್ಣನೇ ಹೇಳಿದ್ರು.”

“ಈಚೆಗೆ ಅವರು ಹೇಗಿದ್ರು?”

“ಹಿಂದಿನ ವಾರ ಮಂಗಳವಾರ ಅವರ ಫೋನು ಟಿಣ್ ಅಂತು. ಪರದೆ ಮುಂದೆ ಹೋಗಿ ನಿಂತ್ರು. ಆಮೇಲೆ ಸಂಜೆವರೆಗೂ ಯಾರ ಹತ್ರಾನೂ ಮಾತಿಲ್ಲ, ಊಟಾನೂ ಇಲ್ಲ. ಏನಣ್ಣಾ ಅಂತ ಕೇಳ್ದೆ. ನಾವು ಹಾಲೆರೆದದ್ದೇ ನಮ್ಮನ್ನ ಕಚ್ಚತ್ತೆ ಅಂದ್ರು.”

ಕಂಪನಿ ಕಳಿಸಿದ ವಿವರದಲ್ಲಿ ಅದೂ ಇತ್ತು. ಹದಿನೈದು ದಿನದ ಹಿಂದೆ ಯಾರೋ ನಕ್ಷೆಯ ಮೇಲೆ ಆ ಕಾಂಪೌಂಡಿನ ಸುತ್ತ ಒಂದು ಬೇಲಿ ಎಳೆದಿದ್ದರು. ಒಂಬತ್ತು ಗಾಡಿಗಳಲ್ಲಿ ಗಿಡ್ಡಣ್ಣನ ಗಾಡಿಯೊಂದಕ್ಕೇ. ಸುದ್ದಿ ಹೋಗುತ್ತಿದ್ದದ್ದು ಉದ್ದಣ್ಣನ ಫೋನಿಗೆ ಮಾತ್ರ.

“ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ಯಾರನ್ನ ಕಾವಲಿಗೆ ಇಡೋದು” ಎಂದ ಹೆಡ್ ಕಾನ್ಸ್‌ಟೇಬಲ್. ಈ ಸಲ ಅವನೂ ನಗುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಜೀಪು ಕಚೇರಿಯ ಮುಂದೆ ನಿಂತಿತು. ಉದ್ದಣ್ಣ ಎದ್ದು ಟೀ ತರಿಸಲು ಹೋದ. ಇನ್ಸ್‌ಪೆಕ್ಟರ್ ಬೇಡವೆಂದರು.

“ಕಳುವಾದ್ರೆ ಏನು ಮಾಡ್ತೀರಿ ಅಂತ ಕೇಳಿದ್ದೆ. ಇಂಜಿನ್ ಆರಿಸ್ತೀವಿ ಅಂತ ಯಾಕೆ ಹೇಳಲಿಲ್ಲ?”

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

“ಮಂಗಳವಾರ ಹತ್ತು ಇಪ್ಪತ್ತೊಂದಕ್ಕೆ ಎಲ್ಲಿದ್ರಿ?”

“ಇಲ್ಲೇ.”

“ಒಬ್ಬರೇ?”

“ಒಬ್ಬನೇ.”

ಪರದೆಯಲ್ಲಿ ಎಂಟು ಚುಕ್ಕೆಗಳು ತಮ್ಮ ಪಾಡಿಗೆ ತೆವಳುತ್ತಿದ್ದವು. ಆಮೇಲೆ ಅವನು ಕೂತ. ಕೂತ ಮೇಲೆ ಎಲ್ಲವನ್ನೂ ಹೇಳಿದ.

“ಮೊದಲನೇ ಮಂಗಳವಾರ ಅವನ ಚುಕ್ಕೆ ಆ ದೊಡ್ಡ ಕಂಪನಿ ಅಂಗಳದಲ್ಲಿ ನಿಂತಿತ್ತು, ಬೇರೇನೋ ಕೆಲಸ ಇರಬಹುದು ಅಂದ್ಕೊಂಡೆ. ಆದ್ರೂ ಮನಸ್ಸು ತಡೀದೆ ಬೇಲಿ ಹಾಕಿದೆ, ಎರಡನೇ ಮಂಗಳವಾರ ಫೋನು ಟಿಣ್ ಅಂತು. ಎಲ್ಲಿಗೆ ಹೋಗಿದ್ಯೋ ಅಂತ ಸುಮ್ಮನೆ ಕೇಳ್ದೆ ಮೇಡಂ. ಎಲ್ಲೂ ಇಲ್ಲ, ಟ್ರಾಫಿಕ್ಕು ಅಂದ. ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಆ ಕಂಪನಿಯವರು ಅವನನ್ನ ಕೊಂಡ್ಕೊಂಡ್ರು, ಇನ್ನು ಗಿರಾಕಿಗಳನ್ನೂ ಕರ್ಕೊಂಡು ಹೋಗ್ತಾನೆ ಅಂತ ತೀರ್ಮಾನ ಮಾಡ್ಬಿಟ್ಟೆ. ಮೂರನೇ ಮಂಗಳವಾರ ಅಲ್ಲಿಂದ ಹೊರಗೆ ಬಂದದ್ದು ಕಂಡಿತು. ಸಿಗ್ನಲ್‌ನಲ್ಲಿ ನಿಂತಿದ್ದಾಗ ಒತ್ತಿದೆ. ನಡುರಸ್ತೇಲಿ ನಿಂತು ಬೆವರಲಿ, ನನಗೇ ಫೋನ್ ಮಾಡ್ಲಿ, ನಾನಿಲ್ಲದೆ ಅವನ ಗಾಡಿ ಒಂದು ಗೇಣೂ ಓಡಲ್ಲ ಅಂತ ತಿಳೀಲಿ. ಅಷ್ಟೇ ಇದ್ದದ್ದು.”

“ಫೋನ್ ಮಾಡಿದ್ರು.”

“ಮಾಡಿದ.”

“ಸೇತುವೆ ತಿರುವಿನಲ್ಲಿ ನಿಂತಿರೋದು ಪರದೇಲಿ ಕಾಣ್ತಿತ್ತಲ್ಲ?”

“ಕಾಣ್ತಿತ್ತು.” ಅವನ ದನಿ ಕುಸಿಯಿತು. “ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಅಂತ... ಆ ವೈರು ನೋಡು, ಈ ವೈರು ನೋಡು ಅಂತ ಆಟ ಆಡಿಸ್ತಿದ್ದೆ. ಅವನು ನೋಡ್ತಾ ಇದ್ದ. ಹಾರನ್ ಕೇಳಿಸ್ತು ಮೇಡಂ. ಇಲ್ಲಿ ಕೂತಿದ್ದ ನನಗೆ ಫೋನಲ್ಲಿ ಕೇಳಿಸ್ತು. ಪಕ್ಕಕ್ಕೆ ಸರಿಯೋ ಅಂತ ಕಿರುಚಿದೆ, ಅಷ್ಟರಲ್ಲಿ ಆಗಿಹೋಗಿತ್ತು. ಅಷ್ಟು ದೂರ ಇದ್ದ ನನಗೆ ಕೇಳಿದ್ದು, ಪಕ್ಕದಲ್ಲೇ ಇದ್ದ ಅವನಿಗೆ ಯಾಕೆ ಕೇಳಲಿಲ್ಲ? ಮೂರು ದಿನದಿಂದ ಇದನ್ನೇ ಕೇಳ್ಕೊಳ್ತಾ ಇದೀನಿ.”

ಹೇಳಬಾರದೆಂದು ಆ ಹೆಂಗಸು ಬೇಡಿಕೊಂಡಿದ್ದಳು. ಆದರೆ ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳಲು ಯಾವ ಸ್ಟೀರಿಂಗೂ ಇರಲಿಲ್ಲ.

“ಆ ಕಟ್ಟಡದ ಎರಡನೇ ಮಹಡೀಲಿ ಕಿವಿ ಡಾಕ್ಟ್ರಿದಾರೆ” ಎಂದರು ಇನ್ಸ್‌ಪೆಕ್ಟರ್. “ಗಿಡ್ಡಣ್ಣ ಹೋಗ್ತಿದ್ದದ್ದು ಅಲ್ಲಿಗೆ. ಬಲಗಿವಿ ಕೇಳಲ್ಲ. ಎಡಗಿವೀಲಿ ನಿಮ್ಮ ಮಾತು ಕೇಳಿಸ್ಕೊಳ್ತಾ ಇದ್ರು. ನಿಮಗೆ ಗೊತ್ತಾದ್ರೆ ಗಾಡಿ ಕಿತ್ಕೊಳ್ತೀರಿ ಅಂತ ಮುಚ್ಚಿಟ್ಟಿದ್ರು.”

ಉದ್ದಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಮುಂದಕ್ಕೆ ಬಾಗಿದ. ಮೇಜಿನ ಅಂಚಿಗೆ ಹಣೆ ತಗುಲಿದ್ದೂ ಅವನಿಗೆ ತಿಳಿದಂತಿರಲಿಲ್ಲ. ಆ ಉದ್ದ ದೇಹವನ್ನು ಎಬ್ಬಿಸಲು ಇಬ್ಬರು ಕಾನ್ಸ್‌ಟೇಬಲ್‌ಗಳು ಬೇಕಾದರು. 3.40ಕ್ಕೆ ದಸ್ತಗಿರಿ ದಾಖಲಾಯಿತು. ಪ್ರಕರಣಕ್ಕೆ ಹೆಚ್ಚುವರಿ ಕಲಂ ಸೇರಿಸುವಂತೆ ನ್ಯಾಯಾಲಯಕ್ಕೆ ವರದಿ ಹೋಯಿತು.

ಆಸ್ಪತ್ರೆಗೆ ಇನ್ಸ್‌ಪೆಕ್ಟರ್ ತಾವೇ ಹೋದರು. ಮಂಚದ ಎಡಗಡೆ ಕೂತು, ನಿಧಾನವಾಗಿ, ಏನೂ ಬಿಡದೆ ಹೇಳಿದರು. ಗಿಡ್ಡಣ್ಣ ಕೊನೆಯವರೆಗೂ ಕೇಳಿ, “ಇನ್ನೊಂದ್ಸಲ ಹೇಳಿ ಮೇಡಂ” ಎಂದ. ಎಲ್ಲ ಕೇಳಿಸಿತ್ತೆಂದು ಅವನ ಮುಖವೇ ಹೇಳುತ್ತಿತ್ತು. ಇನ್ಸ್‌ಪೆಕ್ಟರ್ ಇನ್ನೊಂದು ಸಲ ಹೇಳಿದರು.

“ಆ ಕರೇಲಿ ನಾನೇ ಅವನಿಗೆ ಸಮಾಧಾನ ಹೇಳ್ದೆ” ಎಂದ ಅವನು ಸೀಲಿಂಗ್ ನೋಡುತ್ತ. “ಗಾಬರಿಯಾಗ್ಬೇಡ ಮಾರಾಯ, ಏನೂ ಆಗಲ್ಲ ಅಂತ. ಸುಳ್ಳು ಹೇಳಿದ್ದು ನಾನು, ಸರಿ. ಬೈಬಹುದಿತ್ತು, ಹೊಡೀಬಹುದಿತ್ತು. ಅವನ ಕೈ ನನ್ನ ಮೈಮೇಲೆ ಬಿದ್ದಿದ್ರೆ ಎಲ್ಲ ಹೇಳ್ಬಿಡ್ತಿದ್ದೆ.” ಮುಖವನ್ನು ಎಡಕ್ಕೆ ಹೊರಳಿಸಿ ಕಣ್ಣು ಮುಚ್ಚಿದ. ಎಡಗಿವಿ ದಿಂಬಿನೊಳಗೆ ಮುಚ್ಚಿಹೋಯಿತು. ಇನ್ನು ಯಾರು ಏನು ಹೇಳಿದರೂ ಅವನಿಗೆ ಕೇಳುವಂತಿರಲಿಲ್ಲ.

ಹೆಂಡತಿ ಬಾಗಿಲವರೆಗೂ ಬಂದಳು. ಅವಳ ಕೈಯಲ್ಲಿ ತೊಳೆದು ಒರೆಸಿದ ಊಟದ ಕ್ಯಾರಿಯರ್ ಇತ್ತು.

“ಇದು ಉದ್ದಣ್ಣನ ಮನೇದು. ಮೂರು ದಿನದಿಂದ ಅವರ ಹೆಂಡ್ತಿ, ಆ ಅಕ್ಕ, ಎರಡು ಹೊತ್ತೂ ಅಡುಗೆ ಮಾಡಿ ಕಳಿಸಿದಾಳೆ. ಅವಳದೇನು ತಪ್ಪಿದೆ ಮೇಡಂ? ಆದ್ರೆ ಆ ಬಾಗಿಲಿಗೆ ಹೋಗಿ ನಾನು ಕೊಡಲಾರೆ.”

ಇನ್ಸ್‌ಪೆಕ್ಟರ್ ಕೈಚಾಚಿ ಕ್ಯಾರಿಯರ್ ಇಸಿದುಕೊಂಡರು.