ಸಿರುಗುಪ್ಪದ ಎರಡು ಕೆಜಿ

ಜೀಪು ನನ್ನ ಬೈಕಿನ ಬಾಲ ಹಿಡಿದೇ ಬರುತ್ತಿತ್ತು!

ಕನ್ನಡಿಯಲ್ಲಿ ಮೂರು ತಲೆ ಕಂಡವು. ಮುಂದೆ ಕೂತವನ ಕೈಯಲ್ಲಿ ಕಬ್ಬಿಣದ ರಾಡು. ಎಡಕ್ಕೆ ತುಂಬಿ ಹರಿಯುವ ಕಾಲುವೆ. ಬಲಕ್ಕೆ ಕೊಯ್ಲು ಮುಗಿದ ಭತ್ತದ ಗದ್ದೆ. ನಡುವೆ ಹತ್ತಡಿ ರಸ್ತೆ. ಹಾಡಹಗಲು ಹನ್ನೊಂದು ಗಂಟೆ.

ನನಗೆ ಈಜು ಬರುವುದಿಲ್ಲ. ನನ್ನ ತೂಕ ನೂರಾ ನಾಲ್ಕು ಕೆಜಿ. ಕಾಲುವೆಗೆ ಬಿದ್ದರೆ ನಾನು ಮೊದಲು ತಳ ಮುಟ್ಟುತ್ತೇನೋ, ಬೈಕು ಮುಟ್ಟುತ್ತದೋ ಹೇಳುವುದು ಕಷ್ಟ.

ಟಣ್! ರಾಡು ಹಿಂದಿನ ಮಡ್‌ಗಾರ್ಡಿಗೆ ಬಡಿಯಿತು.

"ನಿಲ್ಲಸಲೇ! ಯಾವ ಕಂಪನಿಯವನಲೇ ನೀನು?"

ಕಂಪನಿ? ನಾನು ಯಾವ ಕಂಪನಿಯವನೂ ಅಲ್ಲ. ಆದರೆ ಅದನ್ನು ಗಾಡಿ ನಿಲ್ಲಿಸಿ ಹೇಳಲು ಆಗುತ್ತದೆಯೇ? ನೀವೇ ಹೇಳಿ!

ತಿರುವು ದಾಟಿದೆ... ಮುಂದೆ ರಸ್ತೆ ತುಂಬ ಭತ್ತ!

ಸುಗ್ಗಿಯಲ್ಲಿ ಸಿರುಗುಪ್ಪದ ಕಡೆ ಟಾರು ರಸ್ತೆಯೇ ಕಣ. ಭತ್ತ ಹರವಿ, ಸುತ್ತ ಕಲ್ಲಿಟ್ಟಿದ್ದರು. ಅಂಚಿನಲ್ಲಿ ಉಳಿದ ಒಂದು ಮೊಳ ಜಾಗದಲ್ಲಿ ಬೈಕು ತೂರಿಸಿದೆ. ಜೀಪಿಗೆ ಆ ಜಾಗ ಸಾಲಲಿಲ್ಲ. ಕಲ್ಲು ಹಾರಿಸಿಕೊಂಡು ಭತ್ತದ ಮೇಲೇ ಹತ್ತಿಬಿಟ್ಟಿತು.

ಅಷ್ಟೇ! ಬೇವಿನ ಮರದ ನೆರಳಿನಿಂದ ಹತ್ತು ಹೆಂಗಸರು ಎದ್ದು ಬಂದರು.

"ಅನ್ನದ ಮ್ಯಾಲೆ ಗಾಡಿ ಹತ್ತಿಸ್ತೀರೇನಲೇ? ಇಳೀರಿ ಕೆಳಗ!"

"ಕಣ್ಣು ಎಲ್ಲಿ ಇಟ್ಕೊಂಡೀರಲೇ, ಭಾಡ್ಯಾಗಳ್ರಾ!"

ರಾಡು ಹಿಡಿದಿದ್ದವನು ಅದನ್ನು ಕೆಳಗಿಟ್ಟು ಕೈ ಮುಗಿಯುವುದನ್ನು ಕನ್ನಡಿಯಲ್ಲಿ ನೋಡಿದೆ. ನಕ್ಕೆ. ಆದರೂ ಬೈಕಿನ ವೇಗ ಇಳಿಸಲಿಲ್ಲ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಹೆದರಿದ್ದೆ.

ಇದೆಲ್ಲ ಶುರುವಾಗಿದ್ದು ಹಿಂದಿನ ದಿನ, ಬುಧವಾರ, ಬಳ್ಳಾರಿಯಲ್ಲಿ.

ನನ್ನ ಹೆಸರು ಹುಲಿಗೇಶ್. ಗಾಂಧಿನಗರದಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ ಇದೆ. ಮದುವೆಗೆ ಮುಂಚೆ ಗಂಡಿನ ಕುಡಿತ, ಇಸ್ಪೀಟು, ಮುಚ್ಚಿಟ್ಟ ಇನ್ನೊಂದು ಸಂಸಾರ ಎಲ್ಲ ಪತ್ತೆ ಮಾಡಿ ಕೊಡುತ್ತೇನೆ. ಈವರೆಗೆ ನಲವತ್ತು ಮದುವೆ ಮುರಿದಿದ್ದೇನೆ. ಪುಣ್ಯವೋ ಪಾಪವೋ ಗೊತ್ತಿಲ್ಲ.

ಕರೆಸಿದವರು ಡಾಕ್ಟರ್ ಸುನಂದಾ. ಬೊಜ್ಜಿನ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರುಗಳದ್ದೊಂದು ಸಂಘವಿದೆ. ಅದರ ವಾರ್ಷಿಕ ಸಮ್ಮೇಳನ ಈ ಸಲ ಬಳ್ಳಾರಿಯಲ್ಲಿ, ಶನಿವಾರ. ಇವರೇ ಕಾರ್ಯದರ್ಶಿ.

ಸಭಾಂಗಣಕ್ಕೆ ಹೋದರೆ ಮದುವೆ ಮನೆಯ ಗದ್ದಲ. ಒಬ್ಬ ಏಣಿ ಹತ್ತಿ ಬ್ಯಾನರ್ ಕಟ್ಟುತ್ತಿದ್ದ. ಮೇಜಿನ ಮೇಲೆ ನಾಲ್ಕುನೂರು ಬ್ಯಾಡ್ಜು, ನಾಲ್ಕುನೂರು ಚೀಲ, ಒಂದೊಂದು ಚೀಲದಲ್ಲಿ ಒಂದೊಂದು ಪುಡಿ ಡಬ್ಬಿ. ಅಡುಗೆ ಭಟ್ಟ ಸುನಂದಾ ಮೇಡಂ ಹಿಂದೆಯೇ ಸುತ್ತುತ್ತಿದ್ದ.

"ಮೇಡಂ, ಮಿರ್ಚಿ ಬಜ್ಜಿ ಇಡ್ಲೋ ಬ್ಯಾಡೋ?"

"ಬೊಜ್ಜಿನ ಸಮ್ಮೇಳನ ಐತಿ ಅಂತ ಎಷ್ಟು ಸಲ ಹೇಳ್ಬೇಕು ನಿಮಗ?"

"ಅದಕ್ಕ ಕೇಳಿದ್ರಿ. ತಲಿಗೆ ಎರಡೋ, ಮೂರೋ?"

ಮೇಡಂ ನನ್ನನ್ನು ವೇದಿಕೆಯ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಹುಲಿಗೇಶ್ ಅವರೇ, ನನ್ನ ಪ್ರಯೋಗದ ಮ್ಯಾಲೆ ನನಗೇ ಅನುಮಾನ ಬಂದೈತಿ."

"ಬಿಡಿಸಿ ಹೇಳ್ರಿ."

"ಸಿರುಗುಪ್ಪದಾಗ ಮುನ್ನೂರ ಹನ್ನೆರಡು ಮಂದಿಗೆ ಆರು ತಿಂಗಳು ನವಣಿ ಪುಡಿ ಕೊಟ್ವಿ. ಕುರುಗೋಡಿನಾಗ ಅಷ್ಟೇ ಮಂದಿಗೆ ಏನೂ ಕೊಡ್ಲಿಲ್ಲ. ಕುರುಗೋಡಿನವರ ತೂಕ ಇದ್ದಂಗ ಐತಿ. ಸಿರುಗುಪ್ಪದವರು ಸರಾಸರಿ ಎರಡು ಕೆಜಿ ಇಳದಾರ."

"ಚೊಲೋನ ಆತಲ್ರಿ?"

"ದಿನಾ ತಿಂದವರೂ ಎರಡು ಕೆಜಿ. ವಾರಕ್ಕೊಮ್ಮೆ ತಿಂದವರೂ ಎರಡು ಕೆಜಿ. ಗಂಡಸರು, ಹೆಂಗಸರು, ದಪ್ಪನವರು, ಸಣ್ಣನವರು... ಯಾವ ಗುಂಪು ತಗೊಂಡ್ರೂ ಅದೇ ಎರಡು! ಮನುಷ್ಯಾರ ಮೈ ಹಿಂಗ ಮಾತಾಡ್ಕೊಂಡು ಇಳಿಯಂಗಿಲ್ಲ."

"ಯಾರ ಕೈವಾಡ ಅಂತೀರಿ?"

ಅವರು ಡಬ್ಬಿ ತೋರಿಸಿದರು. ಅದರ ಮೇಲೆ ವೀರಭದ್ರ ಸಾಹುಕಾರನ ನಗುವ ಫೋಟೋ. ಕುರುಗೋಡಿನಲ್ಲಿ ಅವನದೇ ಪುಡಿ ಕಾರ್ಖಾನೆ. ಸಮ್ಮೇಳನದ ಖರ್ಚೂ ಅವನದೇ. ಶನಿವಾರ ಮೇಡಂ ವೇದಿಕೆಯಲ್ಲಿ ಪ್ರಬಂಧ ಓದಿದರೆ ಡಬ್ಬಿಯ ಮೇಲೆ ಸಂಘದ ಮುದ್ರೆ ಬೀಳುತ್ತದೆ. ಸೋಮವಾರ ಅಂಗಡಿಗೆ!

ನಾನು ಒಪ್ಪಿದ್ದು ಮೇಡಂಗಾಗಿ ಅಲ್ಲ. ಆ ಮುನ್ನೂರ ಹನ್ನೆರಡರಲ್ಲಿ ಒಬ್ಬಳು ನನ್ನ ಅಕ್ಕ, ದೊಡ್ಡಬಸಮ್ಮ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ತೂಕ ಇಳಿದಿದೆ ಎಂದು ಚೀಟಿ ಕೈಗೆ ಬಂದ ದಿನವೇ ಮಾತ್ರೆ ಬಿಟ್ಟಿದ್ದಳು. ಎರಡು ತಿಂಗಳಿಂದ ಫೋನಿನಲ್ಲಿ ಜಗಳವಾಡಿ ನಾನು ಸೋತಿದ್ದೆ.

ಗುರುವಾರ ಬೆಳಿಗ್ಗೆ ಸಿರುಗುಪ್ಪ.

ಅಕ್ಕ ಮಂಚದ ಮೇಲೆ ಕೂತಿದ್ದಳು. ಎಡಗಾಲಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು.

"ಏನಕ್ಕಾ ಅದು?"

"ಚಪ್ಪಲಿ ಕಚ್ಚೈತಿ. ನೀ ನಾಷ್ಟಾ ಮಾಡು."

"ಮಾತ್ರಿ ತಗೋ ಅಂದ್ರ ತಗೊಳ್ಳವಲ್ಲಿ!"

"ಲೇ ತಮ್ಮಾ, ಎರಡು ಕೆಜಿ ಇಳದೀನಿ. ಡಾಕ್ಟರ ಮಂದಿ ಬರದು ಕೊಟ್ಟಾರ. ಸುಳ್ಳು ಅನ್ನಾಕ ನಿನ್ನ ಹತ್ರ ಏನೈತಿ? ತಂದು ತೋರಿಸು, ನಿಂತ ಕಾಲಾಗ ಮಾತ್ರಿ ನುಂಗ್ತೀನಿ."

ಹುಟ್ಟು ಗುಣ ಸುಟ್ಟರೂ ಹೋಗದು. ಅಕ್ಕನ ಹಟಕ್ಕೆ ಸಾಕ್ಷಿಯೊಂದೇ ಮದ್ದು.

ಪಕ್ಕದ ಮನೆಯ ಯಂಕಮ್ಮನನ್ನು ಕೇಳಿದೆ. ಅವಳೂ ಪ್ರಯೋಗದಲ್ಲಿದ್ದವಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಆ ಪುಡಿ ನನಗ ಸೇರಲಿಲ್ಲಪ್ಪ. ಎಮ್ಮಿಗೆ ಹಾಕಿದೆ."

"ನಿನ್ನ ತೂಕ?"

"ಎರಡು ಕೆಜಿ ಇಳದೈತಿ!"

ಎಮ್ಮೆ ತಿಂದರೆ ಯಂಕಮ್ಮ ಇಳಿಯುತ್ತಾಳೆ!

ಕಡೆಯ ಸಲ ತೂಗಿದ್ದು ಎಲ್ಲಿ ಎಂದು ಕೇಳಿದೆ. ಆವತ್ತು ಡಾಕ್ಟರರ ಮಷಿನ್ನು ಕೆಟ್ಟಿತ್ತಂತೆ. ಮೇಡಂ ಸಮ್ಮೇಳನದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದರಂತೆ. ಎಲ್ಲರನ್ನೂ ಕಾಲುವೆ ರಸ್ತೆಯ ಅಕ್ಕಿ ಮಿಲ್ಲಿಗೆ ಕರೆದೊಯ್ದು ತೂಗಿದರಂತೆ. ಬೈಕು ಹತ್ತಿದೆ. ಚಾದಂಗಡಿ ಮುಂದೆ ನಿಂತಿದ್ದ ಜೀಪೂ ಸ್ಟಾರ್ಟ್ ಆಯಿತು. ಮುಂದಿನದು ಹೇಳಿದೆನಲ್ಲ.

ಮಿಲ್ಲಿನೊಳಗೆ ತೌಡಿನ ದೂಳು. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಲಾರಿಗೆ ಏರಿಸುತ್ತಿದ್ದರು. ತೂಕದ ಕಾಟಾದ ಪಕ್ಕ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಣಕಲು ಮುದುಕ. ಹೆಸರು ಎರ್ರಿಸ್ವಾಮಿ. ಮಿಲ್ಲಿಗೆ ಬಂದದ್ದನ್ನೆಲ್ಲ ತೂಗುವವನು.

"ಆವತ್ತು ಮಂದೀನ ತೂಗಿದಾವ ನೀನೇನು?"

"ಹೌದ್ರಿ. ನಾ ಕೂಗಿದೆ, ಡಾಕ್ಟರ ಕಡೆ ಹುಡುಗಿ ಬರಕೊಂಡ್ಲು."

"ವೀರಭದ್ರ ಸಾಹುಕಾರ ಏನು ಕೊಟ್ಟ ನಿನಗ?"

ಮುದುಕನ ಮುಖ ಕೆಂಪಾಯಿತು.

"ಮೂವತ್ತೈದು ವರ್ಷ ಆತು ಕಾಟಾ ಹಿಡದು. ಯಾರ ಕೈಯಾಗಿಂದ ಒಂದು ಬೀಡಿ ಇಸ್ಕೊಂಡಾಂವ ಅಲ್ಲ! ನಿಂದ್ರು ಕಾಟಾದ ಮ್ಯಾಲೆ. ತೂಗಿ ತೋರಸ್ತೀನಿ!"

ನಿಂತೆ. ಕತ್ತು ಬಗ್ಗಿಸಿ ಪರದೆ ನೋಡಿದೆ. ನೂರಾ ನಾಲ್ಕು.

ಎರ್ರಿಸ್ವಾಮಿ ಊರಿಗೇ ಕೇಳುವಂತೆ ಕೂಗಿದ:

"ನೂರಾ ಎರಡೂ!"

ನಾನು ಪರದೆಗೆ ಬೆರಳು ತೋರಿಸಿದೆ.

"ಏನಂದಿ? ಅಲ್ಲಿ ನೂರಾ ನಾಲ್ಕು ಐತಲ್ಲೋ!"

"ಅದು ಒಟ್ಟು ತೂಕ. ಸೂಟು ಕಳೀಬೇಕಲ್ರಿ!"

ಸೂಟು! ಭತ್ತದ ಚೀಲ ಕಾಟಾ ಹತ್ತಿದರೆ ಗೋಣಿಯ ಭಾರ, ಕಾಳಿನ ತೇವ ಎಂದು ಚೀಲಕ್ಕೆ ಎರಡು ಕೆಜಿ ಕಳೆದು ಕೂಗುವುದು ಇಲ್ಲಿನ ಪದ್ಧತಿ.

"ಮನುಷ್ಯಾರಿಗೆ ಎಲ್ಲಿ ಗೋಣಿ, ತಾತಾ?"

ಅವನು ನನ್ನ ಅಂಗಿಯ ಕಾಲರ್ ಹಿಡಿದು ಎಳೆದ.

"ಇದೇನಿದು? ಅಂಗಿ, ಪ್ಯಾಂಟು, ಸೀರಿ, ಪಂಜಿ... ಗೋಣಿ ಅಲ್ಲೇನು? ಮ್ಯಾಲೆ ಬೆವರು ಬ್ಯಾರೆ ಸುರೀತಿತ್ತು. ಡಾಕ್ಟರಿಗೆ ಬರೇ ಮೈ ತೂಕ ಬೇಕಲ್ರಿ? ಅದಕ್ಕ ತಲಿಗೆ ಎರಡು ಕೆಜಿ ಕಳದೆ. ಎಲ್ಲಾರಿಗೂ ಒಂದ. ಯಾರಿಗೂ ಮೋಸ ಇಲ್ಲ!"

ನಾನು ಅಲ್ಲೇ ಚೀಲದ ಮೇಲೆ ಕೂತೆ. ಲಂಚವಿಲ್ಲ, ಪಿತೂರಿಯಿಲ್ಲ. ಪ್ರಾಮಾಣಿಕ ಮುದುಕನೊಬ್ಬ ಮುನ್ನೂರ ಹನ್ನೆರಡು ಜನರನ್ನು ಮುನ್ನೂರ ಹನ್ನೆರಡು ಚೀಲ ಮಾಡಿದ್ದ. ಆ ಲೆಕ್ಕ ನಂಬಿ ನನ್ನ ಅಕ್ಕ ಮಾತ್ರೆ ಬಿಟ್ಟಿದ್ದಳು.

ಹೊರಗೆ ಜೀಪಿನ ಸದ್ದು.

ಮೂವರ ಮುಂದೆ ವೀರಭದ್ರ ತಾನೇ ಬಂದಿದ್ದ. ಬಿಳಿ ಅಂಗಿ, ಹಣೆಗೆ ವಿಭೂತಿ. ಫೋಟೋದಲ್ಲಿದ್ದ ನಗು ಇರಲಿಲ್ಲ.

"ಯಾವ ಕಂಪನಿ ಕಳಿಸೈತಲೇ ನಿನ್ನ? ನನ್ನ ಪುಡಿ ಗುಟ್ಟು ಕದಿಯಾಕ ಬಂದೀಯೇನು?"

"ನಿಮ್ಮ ಪುಡಿಯಾಗ ಗುಟ್ಟಿಲ್ರಿ ಸಾಹುಕಾರ್ರೆ. ಬರೇ ನವಣಿ ಐತಿ."

"ಎರಡು ಕೆಜಿ ಇಳಿಸೈತಿ!"

"ಹತ್ರಿ ಕಾಟಾ. ನಿಮಗೂ ಇಳಸ್ತೀವಿ."

ಏನನ್ನಿಸಿತೋ, ಹತ್ತಿದ. ಪರದೆಯಲ್ಲಿ ತೊಂಬತ್ತೊಂದು.

"ಎಂಬತ್ತೊಂಬತ್ತೂ!" ಎರ್ರಿಸ್ವಾಮಿ ಕೂಗಿದ.

ವೀರಭದ್ರ ಪರದೆ ನೋಡಿದ. ಮುದುಕನನ್ನು ನೋಡಿದ. ಮತ್ತೆ ಪರದೆ ನೋಡಿದ. ನಾನು ಸೂಟಿನ ಕತೆ ಹೇಳಿದೆ. ಅವನು ಕಾಟಾದಿಂದ ಇಳಿದ. ಅವನು ಕಳ್ಳನಲ್ಲ, ಪಾಪ, ತನ್ನ ಪುಡಿಯನ್ನು ತಾನೇ ನಂಬಿದ್ದವನು. ನನಗೆ ಒಂದು ಗಳಿಗೆ ಕನಿಕರವಾಯಿತು.

ಒಂದೇ ಗಳಿಗೆ!

"ಗೇಟು ಹಾಕ್ರಲೇ," ಅಂದ. "ಇವರಿಬ್ಬರೂ ಶನಿವಾರ ಸಂಜಿತನಕ ಇಲ್ಲೇ ಇರ್ಲಿ."

ರಾಡಿನವನು ನನ್ನ ಫೋನು ಕಿತ್ತುಕೊಂಡ. ವೀರಭದ್ರ ಮುದುಕನ ಕಡೆ ತಿರುಗಿದ.

"ನೀ ತಪ್ಪು ತೂಗೀದಿ ಅಂತ ಗೊತ್ತಾದ್ರ ನಿನ್ನ ಮಾನ ಹೋಗತೈತಿ. ಬಾಯಿ ಮುಚ್ಕೊಂಡು ಬಿದ್ದಿರು."

ಅಲ್ಲಿ ಅವನು ಎಡವಿದ.

"ನಾ ತಪ್ಪು ತೂಗೀನಾ?" ಎರ್ರಿಸ್ವಾಮಿ ಒಂದು ಹೆಜ್ಜೆ ಮುಂದೆ ಬಂದ. "ನಾ... ತಪ್ಪು... ತೂಗೀನಾ?"

ಮಿಲ್ಲು ನಿಂತೇಹೋಯಿತು. ಚೀಲಗಳು ದಡದಡ ಕೆಳಗೆ ಬಿದ್ದವು. ಮೂವತ್ತು ಹಮಾಲರು ಸುತ್ತುವರಿದರು. ಒಬ್ಬೊಬ್ಬರ ಕೈಯಲ್ಲೂ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ.

"ತಾತನ ತೂಕ ತಪ್ಪು ಅಂದಾವ ಯಾವನಲೇ?"

ನಾಲ್ಕು ಜನ. ಒಂದು ರಾಡು. ಮೂವತ್ತು ಕೊಕ್ಕೆ. ಈ ಲೆಕ್ಕದಲ್ಲಿ ಸೂಟು ಕಳೆಯುವ ಅಗತ್ಯವಿರಲಿಲ್ಲ. ನನ್ನ ಫೋನು ತಾನಾಗಿ ನನ್ನ ಕೈಗೆ ಬಂತು. ಗೇಟೂ ತೆರೆಯಿತು.

ಗೇಟಿನ ಹೊರಗೆ ನಿಂತು ಮೇಡಂಗೆ ಫೋನು ಮಾಡಿದೆ.

"ಮೇಡಂ, ಯಾರೂ ಮೋಸ ಮಾಡಿಲ್ರಿ." ಎಲ್ಲ ಹೇಳಿದೆ.

ಆ ಕಡೆ ಯಾರೋ ಮೈಕ್ ಟೆಸ್ಟ್ ಮಾಡುತ್ತಿದ್ದರು.

"ಮೋಸ ಆಗಿದ್ರ ಚೊಲೋ ಇತ್ತು," ಅಂದರು ಮೇಡಂ. "ಬ್ಯಾರೆಯವರನ್ನ ಬೈಬಹುದಿತ್ತು. ಆವತ್ತು ಕಾಟಾದ ಮುಂದ ನಾ ನಿಂತಿರ್ಬೇಕಿತ್ತು."

"ಶನಿವಾರ?"

"ಇದನ್ನೇ ಓದ್ತೀನಿ. ಅದಕ್ಕೂ ಮೊದಲು ಮುನ್ನೂರ ಹನ್ನೆರಡು ಮನಿಗೂ ಮಂದಿ ಕಳಸ್ತೀನಿ, ಮಾತ್ರಿ ಬಿಟ್ಟಾರೇನು ನೋಡಾಕ."

ಎರ್ರಿಸ್ವಾಮಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಕ್ಕನ ಮನೆಗೆ ಹೋದೆ. ಮುದುಕ ಬಾಗಿಲಲ್ಲೇ ಕೈ ಕಟ್ಟಿ ನಿಂತ.

"ಯಮ್ಮಾ, ನೀ ಇಳದಿಲ್ಲ. ನಿನ್ನ ಸೀರಿ ತೂಕ ನಾ ಕಳದೀನಿ."

ಅಕ್ಕ ಅವನನ್ನು ನೋಡಿದಳು. ನನ್ನನ್ನು ನೋಡಿದಳು. ಎದ್ದು, ಗೋಡೆಯ ಮಾಡಿನಲ್ಲಿದ್ದ ಡಬ್ಬಿ ತೆಗೆದು ಮಾತ್ರೆ ನುಂಗಿದಳು. ಹೇಳಿದಂತೆ ನಡೆಯುವ ಹೆಂಗಸು. ಆದರೆ ವಾಪಸು ನಡೆದು ಬರುವಾಗ ಕಾಲು ಎಳೆಯುತ್ತಿದ್ದಳು. ನಾನು ಬಲವಂತವಾಗಿ ಕೂರಿಸಿ ಬಟ್ಟೆ ಬಿಚ್ಚಿದೆ.

ಎರಡು ಬೆರಳು ಕಪ್ಪಾಗಿದ್ದವು.

"ನೀ ಬೈತೀ ಅಂತ ತೋರಿಸ್ಲಿಲ್ಲಪ್ಪ," ಅಂದಳು. ಬಾಡಿಗೆ ಕಾರಿನಲ್ಲಿ ಬಳ್ಳಾರಿಯ ಆಸ್ಪತ್ರೆ ಮುಟ್ಟುವವರೆಗೂ ಅವಳ ಪಾದ ನನ್ನ ತೊಡೆಯ ಮೇಲಿತ್ತು.

ಶನಿವಾರ ವೀರಭದ್ರ ಡಬ್ಬಿ, ಚೀಲ, ಬ್ಯಾನರ್, ಕೊನೆಗೆ ಅಡುಗೆ ಭಟ್ಟನನ್ನೂ ವಾಪಸು ಕರೆಸಿಕೊಂಡನಂತೆ. ಮೇಡಂ ಬರಿಗೋಡೆಯ ಮುಂದೆ ನಿಂತು ತಮ್ಮ ತಪ್ಪನ್ನು ತಾವೇ ಓದಿದರಂತೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲವಂತೆ. ಸಿರುಗುಪ್ಪದಲ್ಲಿ ಮಾತ್ರೆ ಬಿಟ್ಟಿದ್ದ ಇನ್ನೂ ಹತ್ತೊಂಬತ್ತು ಜನ ಸಿಕ್ಕಿದ್ದರಂತೆ.

ನಾನು ಹೋಗಲಿಲ್ಲ. ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲಿದ್ದೆ.

ಮಧ್ಯಾಹ್ನ ಅಕ್ಕ ಕಣ್ಣು ಬಿಟ್ಟಳು. ಬ್ಯಾಂಡೇಜಿನ ಕಡೆ ನೋಡಿದಳು.

"ಎಷ್ಟು ಹೋದ್ವು?"

"ಎರಡು ಬೆರಳು. ಕಾಲು ಉಳೀತಕ್ಕಾ."

ನಾನು ಅತ್ತೆ. ಅವಳು ಅಳಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಈಗ ಖರೇನ ಇಳದೀನಲ್ಲಲೇ ತಮ್ಮಾ... ಇದರಾಗ ಸೂಟು ಕಳೀಬ್ಯಾಡ ಅಂತ ಹೇಳು ಆ ಎರ್ರಿಸ್ವಾಮಿಗೆ!"