ಮೇಣದ ಮೇಲಿನ ಹೆಬ್ಬೆರಳು

ವೈನಿನ ಹುಡುಗಿ ಬಾಟಲಿಯನ್ನು ಮೂಸಿ ನೋಡಿ ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ವೈನ್ ಅಲ್ಲ," ಎಂದಳು. "ವಿನೆಗರ್."

ಹೋಟೆಲಿನ ಮಾಲೀಕ ನಕ್ಕ. ತಮಾಷೆ ಇರಬೇಕು ಎಂದುಕೊಂಡ. ಬಾಟಲಿಯ ಬಾಯಿಗೆ ತಾನೂ ಮೂಗು ಒಡ್ಡಿದ. ಮುಖ ಹುಳ್ಳಗಾಯಿತು.

ಗಂಟೆ ಹನ್ನೊಂದೂವರೆ. ಇನ್ನೊಂದು ಗಂಟೆಗೆ ಹನ್ನೆರಡು ಜನ ಊಟಕ್ಕೆ ಕೂರುವವರಿದ್ದರು. ಶರತ್ಕಾಲದ ವಿಶೇಷ ಊಟಕ್ಕೆ ಅಂದೇ ಕೊನೆಯ ದಿನ. ಎಂಟು ಬಗೆ, ಬಗೆಗೊಂದು ವೈನ್. ತಟ್ಟೆ ಮೊರದಷ್ಟು ಅಗಲ, ಅದರೊಳಗಿನ ಪದಾರ್ಥ ಎರಡೇ ತುತ್ತು. ಆದರೂ ಜನ ನಾಲ್ಕು ತಿಂಗಳ ಮುಂಚೆಯೇ ಜಾಗ ಕಾದಿರಿಸುತ್ತಿದ್ದರು. ಎಂಟನೆಯದು ಒಲೆಯಲ್ಲಿ ಬೆಂದ ಸೇಬು. ಅದರ ಜೊತೆಗೆ ಜೇನುಬಣ್ಣದ 'ಅತ್ತಿಗೆ ವೈನ್'. ಅಡುಗೆಮನೆಯವರೆಲ್ಲ ಮುಖ್ಯ ಬಾಣಸಿಗನನ್ನು ಅಣ್ಣ ಎನ್ನುತ್ತಿದ್ದರು. ಈ ವೈನ್ ಮಾಡಿದವಳು ಅವನ ಹೆಂಡತಿ. ಆಕೆ ತೀರಿಕೊಂಡು ಎರಡು ವರ್ಷವಾಗಿತ್ತು. ತೋಟ ಕೊಂಡವರು ಬಳ್ಳಿಗಳನ್ನೆಲ್ಲ ಕಿತ್ತು ಹಾಕಿದ್ದರು. ಉಳಿದಿದ್ದುದು ಈ ಒಂದು ದೊಡ್ಡ ಬಾಟಲಿ.

"ನಿಂದೇ ಕೆಲಸ ಇದು," ಎಂದ ಮಾಲೀಕ. "ನೆಲಮಾಳಿಗೆ ಬೀಗದ ಕೈ ನಿನ್ನ ಹತ್ರ. ಕೊನೇ ಬಾಟಲಿ ಮಾರಬೇಡಿ ಅಂತ ಹೋದ ವಾರ ಜಗಳ ಆಡಿದವಳೂ ನೀನೇ. ಈಗಲೇ ಪೊಲೀಸರನ್ನ ಕರೆಸ್ತೀನಿ. ನಾಳೆಯಿಂದ ಈ ಊರಲ್ಲಿ ಯಾರು ನಿನ್ನ ಕೈಗೆ ಬಾಟಲಿ ಕೊಡ್ತಾರೆ ನೋಡ್ತೀನಿ."

"ಪೊಲೀಸರು ಬಂದು ಆಗಲೇ ಅರ್ಧ ಗಂಟೆ ಆಯ್ತು," ಎಂದಿತು ಕಿಟಕಿಯ ಪಕ್ಕದಿಂದ ಒಂದು ದನಿ.

ಅಲ್ಲಿ ಕೂತಿದ್ದವರು ನಿವೃತ್ತ ಇನ್ಸ್‌ಪೆಕ್ಟರ್. ನರೆತ ತಲೆ, ದಪ್ಪ ಗಾಜಿನ ಕನ್ನಡಕ. ಎಲ್ಲಿಗೆ ಹೋದರೂ ಒಂದೂವರೆ ಗಂಟೆ ಮುಂಚೆ ಹೋಗುವುದು ಆಕೆಯ ಹಳೇ ಚಾಳಿ. ಹನ್ನೆರಡು ವರ್ಷದ ಹಿಂದೆ ಇದೇ ಮೇಜಿನಲ್ಲಿ ಗಂಡನ ಎದುರು ಕೂತು ಅತ್ತಿಗೆ ವೈನ್ ಕುಡಿದಿದ್ದರು. ಬಾಯಿಗೆ ಬಿಡುವು ಕೊಡದ ಆ ಮನುಷ್ಯ ಒಂದು ಗುಟುಕು ಕುಡಿದು ಪೂರ್ತಿ ಒಂದು ನಿಮಿಷ ಸುಮ್ಮನಿದ್ದ. ಅವನು ಹೋಗಿ ಮೂರು ವರ್ಷ. ಆ ಒಂದು ನಿಮಿಷ ಇನ್ನೊಮ್ಮೆ ಬೇಕೆನಿಸಿ ಆಕೆ ಈ ಊಟಕ್ಕೆ ಬಂದಿದ್ದರು. ತುತ್ತಿನಷ್ಟು ಮೀನು, ತುತ್ತಿನಷ್ಟು ಗೆಡ್ಡೆ ಯಾರಿಗೆ ಬೇಕಿತ್ತು?

"ಒಂದು ಗಂಟೆ ನನಗೆ ಕೊಡಿ," ಎಂದರು. "ಆಮೇಲೆ ಯಾರನ್ನ ಬೇಕಾದ್ರೂ ಕರೆಸಿ."

ಹುಡುಗಿಯ ಮೇಲಿನ ಕರುಣೆಯಿಂದ ಆಡಿದ ಮಾತಲ್ಲ ಅದು. ತನ್ನ ಗ್ಲಾಸಿಗೆ ಕೈ ಹಾಕಿದವನು ಯಾರು ಎಂಬ ಸಿಟ್ಟು.

*

ವೈನಿನ ಹುಡುಗಿ ಎಂದರೆ ನಿಜಕ್ಕೂ ಹುಡುಗಿಯಲ್ಲ. ಮೂವತ್ತು ದಾಟಿತ್ತು. ಯಾವ ತಿನಿಸಿಗೆ ಯಾವ ವೈನ್ ಎಂದು ಆರಿಸುವುದು, ಸುರಿಯುವುದು ಅವಳ ಕೆಲಸ.

"ಬಾಟಲಿ ಮೇಲಕ್ಕೆ ತಂದಿದ್ದು ಯಾವಾಗಮ್ಮ?"

"ಮೊನ್ನೆ, ಮೇಡಂ. ಉಗ್ರಾಣದಲ್ಲಿ ನಿಲ್ಲಿಸಿದ್ದೆ. ಅತ್ತಿಗೆ ವೈನ್ ಸೋಸ್ತಿರಲಿಲ್ಲ. ಗಷ್ಟು ತಳಕ್ಕೆ ಇಳಿಯೋಕೆ ಎರಡು ದಿನ ಬೇಕು."

ಆ ಎಂಟೂ ವೈನ್‌ಗಳು ಅದೇ ಜಾತಿಯವು. ಮಾಲೀಕ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ 'ಬಯೋಡೈನಮಿಕ್' ಎಂದು ಅಚ್ಚು ಹಾಕಿಸಿದ್ದ. ಬಿಡಿಸಿ ಹೇಳುವುದಾದರೆ, ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂತು ಗೊಬ್ಬರ ಮಾಡುವುದು, ಚಂದ್ರನ ಲೆಕ್ಕ ಹಿಡಿದು ಕೊಯ್ಯುವುದು, ಬೇರೇನೂ ಬೆರೆಸದೆ ಬಾಟಲಿಗೆ ತುಂಬುವುದು.

"ಹಾಗಾದ್ರೆ ಎರಡು ದಿನ ಬೀಗದ ಆಚೆಗಿತ್ತು. ನಿನ್ನೆ ಯಾರ್ಯಾರು ಬಂದಿದ್ರು?"

"ನಿನ್ನೆ ರಜಾ. ತಯಾರಿಗೆ ಅಂತ ನಾನು, ಅಣ್ಣ, ಚಟಪಟ."

ಚಟಪಟ ಎಂಬುದು ಎರಡನೇ ಬಾಣಸಿಗನ ಅಡ್ಡಹೆಸರು. ಕೈಯೂ ಚುರುಕು, ಬಾಯಿಯೂ ಚುರುಕು. ಇನ್ಸ್‌ಪೆಕ್ಟರ್ ಉಗ್ರಾಣಕ್ಕೆ ಕಾಲಿಡುತ್ತಿದ್ದಂತೆ ಅವನೇ ಎದುರಾದ.

"ಮೇಡಂ, ಎದುರು ಬೀದಿ ಹೋಟೆಲಿಗೆ ಕೆಲಸಕ್ಕೆ ಸೇರ್ತಿದ್ದೀನಿ ನಿಜ. ಹಾಗಂತ ವಿನೆಗರ್ ಬೆರೆಸೋನಲ್ಲ ನಾನು."

"ನಾನಿನ್ನೂ ಕೇಳೇ ಇಲ್ವಲ್ಲಪ್ಪಾ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯ?"

ಚಟಪಟ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನೇ ಇರಬಹುದೇ? ಹೋಗುವ ಮುಂಚೆ ಹಳೇ ಮನೆಯ ಮಾನ ಕಳೆಯುವವರನ್ನು ಆಕೆ ಬೇಕಾದಷ್ಟು ಕಂಡಿದ್ದರು.

ಉಗ್ರಾಣದ ಹಲಗೆಯ ಮೇಲೆ ಚೀಟಿಯಿಲ್ಲದ ಬಾಟಲಿಗಳು ಸಾಲಾಗಿ ನಿಂತಿದ್ದವು. ಎಲ್ಲದರೊಳಗೂ ಜೇನುಬಣ್ಣ.

"ಏನಿವು?"

"ಊಟದ ಮೇಲೆ ಉಳಿದ ವೈನ್," ಎಂದ ಚಟಪಟ. "ನಾನೇ ತುಂಬಿಡೋದು. ಅಡುಗೆಗೆ ಇಟ್ಕೋತೀವಿ. ಹಳೇವು ಹುಳಿಯಾಗಿ ವಿನೆಗರ್ ಆಗಿರುತ್ವೆ."

"ಯಾವುದು ಯಾವುದು ಅಂತ ಗೊತ್ತಾಗೋದು ಹೇಗೆ?"

"ಮೂಸಿದ್ರೆ ಗೊತ್ತಾಗುತ್ತಲ್ಲ ಮೇಡಂ. ಚೀಟಿ ಯಾಕೆ?"

ಆಕೆ ಮುಚ್ಚಳ ತೆಗೆದು ನಾಲ್ಕನ್ನು ಮೂಸಿದರು. ಎರಡು ವೈನ್, ಎರಡು ವಿನೆಗರ್. ವಿನೆಗರಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಹತ್ತಿರ ಇದ್ದರೂ ಸಾಕು, ಮೂಸುವ ಅಗತ್ಯವೂ ಇರಲಿಲ್ಲ.

*

ಹುಡುಗಿ ಬಾಟಲಿಯ ಕೊರಳಿನಿಂದ ಕತ್ತರಿಸಿ ತೆಗೆದಿದ್ದ ಮೇಣದ ಟೊಪ್ಪಿಗೆ ಇನ್ನೂ ಮೇಜಿನ ಮೇಲೇ ಇತ್ತು. ಇನ್ಸ್‌ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದರು. ಕಂದು ಜೇನುಮೇಣ. ನೆತ್ತಿಯಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆ ಗೆರೆಯೂ ಸ್ಪಷ್ಟ.

"ಅತ್ತಿಗೆದು," ಎಂದಳು ಹುಡುಗಿ. "ಮೇಣ ಹಾಕಿ, ಬಿಸಿ ಇರುವಾಗಲೇ ಹೆಬ್ಬೆರಳು ಒತ್ತೋರು. ಎಲ್ಲಾ ಬಾಟಲಿಗೂ."

"ಅಂಚು ನೋಡು."

ಅಂಚಿನ ಸುತ್ತ ಬಿಳಿ ಮೇಣದ ತೆಳು ಉಂಗುರವಿತ್ತು. ಊಟದ ಮೇಜಿನ ಮೇಲೆ ಹಚ್ಚುವ ಮೇಣದಬತ್ತಿಯದೇ ಬಿಳಿ. ಯಾರೋ ಬಿಸಿ ಚಾಕುವಿನಿಂದ ಟೊಪ್ಪಿಗೆಯನ್ನು ಇಡಿಯಾಗಿ ಎಬ್ಬಿಸಿ, ಆಮೇಲೆ ಮತ್ತೆ ಅಂಟಿಸಿದ್ದರು. ಬಿರಡೆಯಲ್ಲಿ ತೂತು ಒಂದೇ, ಅದು ಈಗ ಹುಡುಗಿ ಮಾಡಿದ್ದು. ತೂತು ಮಾಡದೆ ಬಿರಡೆ ಎಳೆಯುವ ಎರಡಲಗಿನ ಚಿಮುಟ ಅಡುಗೆಮನೆಯ ಡ್ರಾಯರಿನಲ್ಲಿ ಎಲ್ಲರ ಕೈಗೂ ಸಿಗುವಂತಿತ್ತು.

ಇನ್ಸ್‌ಪೆಕ್ಟರ್ ಬಹಳ ಹೊತ್ತು ಆ ಹೆಬ್ಬೆರಳನ್ನು ನೋಡಿದರು. ಗಂಡನ ಕನ್ನಡಕದ ಗಾಜಿನ ಮೇಲೆ ಅವನ ಬೆರಳಿನ ಗುರುತು ಉಳಿದಿದೆ ಎಂದು ಆಕೆ ಮೂರು ವರ್ಷದಿಂದ ಅದನ್ನು ಒರೆಸಿರಲಿಲ್ಲ. ಆ ನೆನಪು ಬಂದದ್ದೇ ಅವರ ಸಿಟ್ಟು ಅರ್ಧ ಇಳಿಯಿತು.

*

ಮುಖ್ಯ ಬಾಣಸಿಗ ಒಲೆಗೆ ಬೆನ್ನು ಹಾಕಿ ಸೇಬು ಸುಲಿಯುತ್ತಿದ್ದ. ಎತ್ತರದ ಆಳು, ಮಾತು ಕಡಿಮೆ. ಪಕ್ಕದಲ್ಲಿ ಪುಟ್ಟ ತಕ್ಕಡಿ. ಚಿಟಿಕೆ ಉಪ್ಪನ್ನೂ ತೂಗಿ ಹಾಕುತ್ತಿದ್ದ.

"ಉಪ್ಪಿಗೂ ತೂಕವೇ?"

"ಲೆಕ್ಕ ತಪ್ಪಬಾರದು ನೋಡಿ," ಎಂದ.

"ಐದು ತಿಂಗಳಿಂದ ಹೀಗೇ," ಎಂದು ಚಟಪಟ ಬಾಯಿ ಹಾಕಿದ. "ಜ್ವರ ಬಂದು ಎದ್ದ ಮೇಲೆ. ಮೊದಲು ಕೈ ಅಳತೆಯಲ್ಲೇ ಜಗತ್ತು ಗೆದ್ದೋರು. ಈಗ ರುಚಿ ನೋಡೋಕೂ ನಮ್ಮನ್ನೇ ಕರೀತಾರೆ, ಕಲೀಲಿ ಅಂತ."

"ಹೆಂಡತಿಯ ವೈನ್ ಹಾಳಾಯ್ತಲ್ಲ. ನಿಮಗೆ ಯಾರ ಮೇಲೆ ಅನುಮಾನ?"

"ಯಾರ ಮೇಲೂ ಇಲ್ಲ." ಚಾಕು ನಿಂತಿತು. "ಆ ಹುಡುಗಿ ಅಲ್ಲ. ಅದಂತೂ ಗ್ಯಾರಂಟಿ."

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಮೂಗಿಗೆ ಕಮರು ವಾಸನೆ ಬಡಿಯಿತು. ಬಾಣಸಿಗನ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ, ಬಾಣಲೆಯ ಬೆಣ್ಣೆ ಸೀಯುತ್ತಿತ್ತು. ಆಕೆ ಸುಮ್ಮನೆ ನಿಂತು ನೋಡಿದರು. ಅವನು ಸೇಬು ಸುಲಿಯುತ್ತಲೇ ಇದ್ದ. ಅಡುಗೆಮನೆಯ ಆ ತುದಿಯಿಂದ ಚಟಪಟ ಓಡಿ ಬಂದು ಒಲೆ ಆರಿಸಿದ. ಬಾಣಸಿಗ ತಿರುಗಿ ಕರಿ ಬಾಣಲೆ ನೋಡಿದ. ಮುಖದ ರಕ್ತ ಇಳಿಯಿತು.

*

ಹನ್ನೆರಡೂಕಾಲಿಗೆ ಇನ್ಸ್‌ಪೆಕ್ಟರ್ ನಾಲ್ವರನ್ನೂ ಬಾಟಲಿಯ ಸುತ್ತ ನಿಲ್ಲಿಸಿದರು.

"ಹಾಳು ಮಾಡಬೇಕು ಅನ್ನೋನು ಮೇಣ ಒಡೆದು ಸುರೀತಾನೆ. ಈ ಆಸಾಮಿ ಹೆಬ್ಬೆರಳ ಗುರುತಿಗೆ ಗೀರು ಕೂಡ ಬೀಳದ ಹಾಗೆ ಬಿಚ್ಚಿದ್ದಾನೆ. ಒಂದು ಗ್ಲಾಸ್ ತಗೊಂಡಿದ್ದಾನೆ. ಕಡಿಮೆ ಕಾಣಬಾರದು ಅಂತ ಹಲಗೆ ಮೇಲಿನ ಬಾಟಲಿಯಿಂದ ಕೊರಳ ತನಕ ತುಂಬಿದ್ದಾನೆ. ತಾನು ತುಂಬ್ತಿರೋದು ವೈನ್ ಅಂತಲೇ ನಂಬಿದ್ದ. ಇದು ದ್ವೇಷ ಅಲ್ಲ ಮಾಲೀಕರೇ, ಎಡವಟ್ಟು."

"ಎಡವಟ್ಟಾ? ವಿನೆಗರ್ ವಾಸನೆ ಗೊತ್ತಾಗಲ್ವಾ?"

"ಅದೇ ಪ್ರಶ್ನೆ. ಈ ಹುಡುಗಿಗೆ ಗೊತ್ತಾಗುತ್ತೆ, ಮೂಗೇ ಅವಳ ಅನ್ನ. ಆ ಬಾಟಲಿಗಳನ್ನ ತುಂಬೋನೇ ಚಟಪಟ, ಅವನಿಗೂ ಗೊತ್ತಾಗುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ರಿ ನೀವು." ಆಕೆ ಬಾಣಸಿಗನ ಕಡೆ ತಿರುಗಿದರು. ಇದನ್ನು ಹೇಳಿದರೆ ಅವನ ಬದುಕಿಗೇ ಏಟು ಎಂದು ಗೊತ್ತಿತ್ತು. ಹೇಳದಿದ್ದರೆ ಹುಡುಗಿಯ ಬದುಕಿಗೆ. "ನೀವೇ ಹೇಳ್ತೀರಾ, ನಾನು ಹೇಳ್ಲಾ?"

ಬಾಣಸಿಗ ಕೈ ಒರೆಸಿಕೊಂಡ.

"ನಾನೇ," ಎಂದ. "ಜ್ವರ ಬಿಟ್ಟ ಮೇಲೆ ಮೂಗು ಸತ್ತೇಹೋಯ್ತು. ಉಪ್ಪು, ಸಿಹಿ, ಹುಳಿ ನಾಲಿಗೆಗೆ ಅರೆಬರೆ ತಾಕುತ್ತೆ ಅಷ್ಟೇ, ಕಹಿ ತಿಳಿಯೋದೇ ಇಲ್ಲ. ಚಿರಪರಿಚಿತ ವಾಸನೆ ದಿನಾ ಮೂಸಿ, ವಾಪಸ್ ಬರಬಹುದು ಅಂದ್ರು ಡಾಕ್ಟ್ರು. ಅವಳ ಶಾಲು ಮೂಸಿದೆ. ಸೋಪು ಮೂಸಿದೆ. ಬರೀ ಗಾಳಿ. ಇದೊಂದು ಉಳಿದಿತ್ತು. ಇವತ್ತು ಹನ್ನೆರಡು ಜನ ಗುರುತಿಲ್ಲದೋರು ಕುಡಿದು ಹೋಗ್ತಾರೆ, ಆಮೇಲೆ ಅವಳು ಎಲ್ಲೂ ಇರಲ್ಲ ಅನ್ನಿಸ್ತು. ನಿನ್ನೆ ಮಧ್ಯಾಹ್ನ ತೆಗೆದೆ."

"ಬಂತಾ?"

"ಇಲ್ಲ."

ಹುಡುಗಿ ಅವನ ಕಡೆ ತಿರುಗಿದಳು.

"ನನ್ನ ಮೇಲೆ ಹೊರಿಸಿದಾಗ ನೀವು ಸೇಬು ಸುಲೀತಾ ನಿಂತಿದ್ರಿ, ಅಣ್ಣ."

"ಹೌದಮ್ಮ. ನಿಂತಿದ್ದೆ. ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡಲ್ಲ ಅಂತ ಹೆದರಿದೆ. ತಪ್ಪಾಯ್ತು."

"ಮೂಗಿಲ್ಲದ ಬಾಣಸಿಗನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದ ಮಾಲೀಕ.

"ಐದು ತಿಂಗಳು ಇವರ ಅಡುಗೆ ಉಂಡ್ರಲ್ಲ," ಎಂದರು ಇನ್ಸ್‌ಪೆಕ್ಟರ್. "ಒಂದು ದಿನವಾದ್ರೂ ಗೊತ್ತಾಯ್ತಾ? ಮೊದಲು ಆ ಹುಡುಗಿ ಹತ್ರ ಕ್ಷಮೆ ಕೇಳಿ."

ಮಾಲೀಕ ನೆಲ ನೋಡುತ್ತಲೇ ಕ್ಷಮೆ ಕೇಳಿದ.

*

ಬಾಣಸಿಗ ತಂಪುಪೆಟ್ಟಿಗೆಯಿಂದ ಒಂದು ಪುಟ್ಟ ಜಾಡಿ ತಂದ. ನಿನ್ನೆ ತೆಗೆದ ವೈನಿನಲ್ಲಿ ಒಂದೇ ಗುಟುಕು ಕುಡಿದು ಉಳಿದದ್ದನ್ನು ಚೆಲ್ಲಲಾಗದೆ ಎತ್ತಿಟ್ಟಿದ್ದ. ಅದನ್ನು ಗ್ಲಾಸಿಗೆ ಸುರಿದು ಇನ್ಸ್‌ಪೆಕ್ಟರ್ ಮುಂದಿಟ್ಟ.

ಆಕೆ ಕಣ್ಣು ಮುಚ್ಚಿ ಕುಡಿದರು. ಕಾದರು. ವೈನ್ ಚೆನ್ನಾಗಿತ್ತು. ಗಂಡ ಬರಲಿಲ್ಲ. ಕಣ್ಣು ಬಿಟ್ಟಾಗ ಬಾಣಸಿಗ ತನ್ನ ಬಾಯನ್ನೇ ನೋಡುತ್ತಿರುವುದು ಕಂಡಿತು, ಅಲ್ಲಿಂದ ಏನಾದರೂ ಸಿಕ್ಕೀತೆಂಬಂತೆ. ಗ್ಲಾಸನ್ನು ಹುಡುಗಿಗೆ ದಾಟಿಸಿದರು.

"ನನಗೆ ಹೇಳೋಕೆ ಬರಲ್ಲ. ನೀನು ಹೇಳಮ್ಮ ಅವರಿಗೆ."

ಹುಡುಗಿಯ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಗ್ಲಾಸು ಕೈಗೆ ಬಂದ ಮೇಲೆ ಅವಳು ತನ್ನ ಕೆಲಸ ಮಾಡಿದಳು.

"ಜೇನುಮೇಣ," ಎಂದಳು. "ಒಣಹುಲ್ಲು. ಕೊಯ್ದಿಟ್ಟ ಸೇಬು."

"ಕೊನೇಲಿ?" ಬಾಣಸಿಗ ಮುಂದಕ್ಕೆ ಬಾಗಿದ. "ಕೊನೇಲಿ ಸ್ವಲ್ಪ ಕಹಿ ಇದೆಯಾ? ಆ ವರ್ಷ ಚಂದ್ರ ಕೂಡಿ ಬರಲಿಲ್ಲ ಅಂತ ಎರಡು ದಿನ ತಡ ಮಾಡಿ ಕೊಯ್ದಳು. ನಿನ್ನ ಚಂದ್ರನಿಂದ ಕಹಿಯಾಯ್ತು ಅಂತ ರೇಗಿದ್ದೆ. ಅದೇ ನಾವು ಆಡಿದ ಕೊನೇ ಜಗಳ."

ಹುಡುಗಿ ಇನ್ನೊಂದು ಹನಿ ನಾಲಿಗೆಗೆ ಹಚ್ಚಿಕೊಂಡಳು.

"ಇದೆ," ಎಂದಳು. "ಕಿತ್ತಳೆ ಸಿಪ್ಪೆ ಥರ."

"ಇದೆಯಾ?" ಅವನು ಮೇಣದ ಟೊಪ್ಪಿಗೆಯನ್ನು ಕೈಗೆತ್ತಿಕೊಂಡು, ಆ ಗುರುತಿನ ಮೇಲೆ ತನ್ನ ಹೆಬ್ಬೆರಳಿಟ್ಟ. ಹೊರಗೆ ಊಟದವರು ಬಂದ ಸದ್ದಾಯಿತು.

"ಇನ್ನೊಂದ್ಸಲ ಹೇಳಮ್ಮ," ಎಂದ. "ಮೊದಲಿಂದ."