ಅರವತ್ತೊಂದು ಒಂಟಿ ಹಾರಾಟಗಳು

ಜೂನ್ 17, ಮಂಗಳವಾರ, ಬೆಳಿಗ್ಗೆ 8.40ಕ್ಕೆ ತೌನೊ ಹೈನಹೊ ಪಿಟ್ಕಾಯಾರ್ವಿ ಪೊಲೀಸ್ ಠಾಣೆಗೆ ಬಂದರು. ಊರಿನ ಸರೋವರದ ದಂಡೆಯಲ್ಲಿ ವಿಮಾನ ತರಬೇತಿ ಶಾಲೆ ನಡೆಸುವವರು ಅವರು. ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದೇ ಒಂದು ಹಾಳೆಯನ್ನು ಇನ್ಸ್‌ಪೆಕ್ಟರ್ ರೈಯಾ ಸರ್ಕೆಲಾ ಅವರ ಮೇಜಿನ ಮೇಲಿಟ್ಟು, ಕೂರುವ ಮೊದಲೇ ಮಾತು ಶುರುಮಾಡಿದರು.

"ಇದು ಸುಳ್ಳು ಮೇಡಂ. ಎಲ್ಲಿ ಸುಳ್ಳು ಅಂತ ನಂಗೆ ಗೊತ್ತಾಗ್ತಿಲ್ಲ. ಆದ್ರೆ ಸುಳ್ಳು."

"ಏನಿದು?"

"ರೆಸ್ಯೂಮೆ. ಬೋಧಕನ ಕೆಲಸಕ್ಕೆ ಬಂದವನದು. ಸಕಾರಿ ಲೆಹ್ಟೊ ಅಂತ, ಇಪ್ಪತ್ತೊಂಬತ್ತು ವರ್ಷ."

ರೈಯಾ ವಿವರ ಕೇಳಿ ಬರೆದುಕೊಂಡರು. ಸಕಾರಿ ಕೆಲಸಕ್ಕೆ ಸೇರಿ ನಾಲ್ಕನೆಯ ದಿನ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ವೆನ್ಲಾ ಎಂಬ ನರ್ಸ್‌ಗೆ ಕಲಿಸಲು ನೀರಿನ ಮೇಲೆ ಇಳಿಯುವ ವಿಮಾನವನ್ನು ಹಾರಿಸಿದ್ದ. ಗಾಳಿ ಒಂದಿಷ್ಟೂ ಇರಲಿಲ್ಲ. ಇಳಿಸುವಾಗ ನೀರು ಇನ್ನೂ ಕೆಳಗಿದೆ ಎಂದುಕೊಂಡ, ಅದು ಕೆಳಗಿರಲಿಲ್ಲ. ವಿಮಾನ ಅಪ್ಪಳಿಸಿ, ಪುಟಿದು, ಮತ್ತೆ ಅಪ್ಪಳಿಸಿತು. ತೇಲಿಸುವ ಎರಡು ಕಾಲುಗಳಲ್ಲಿ ಒಂದು ಬಾಗಿತು. ವೆನ್ಲಾಳ ಕೊರಳೆಲುಬು ಮುರಿಯಿತು.

"ಗಾಳಿ ಇಲ್ಲದ ದಿನ ನೀರಲ್ಲಿ ಆಕಾಶವೇ ಕಾಣ್ತಿರುತ್ತೆ. ನೀರು ಎಲ್ಲಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ," ಎಂದರು ಹೈನಹೊ. "ಅಂಥ ದಿನ ದಡದ ಪಕ್ಕದಲ್ಲೇ ಬರ್ಬೇಕು, ನಿಧಾನಕ್ಕೆ, ಒಂದೇ ಹದದಲ್ಲಿ. ಆರುನೂರ ನಲವತ್ತು ಗಂಟೆ ಹಾರಿಸಿದೋನು ಕೆರೆ ನಡುವೆ ಇಳಿಯೋಕೆ ಹೋಗಲ್ಲ. ಇವನು ಹೋದ."

"ಕೆಲಸಕ್ಕೆ ತಗೊಳ್ಳೋವಾಗ ವಿಚಾರಿಸಲಿಲ್ವಾ?"

ಹೈನಹೊ ಹಾಳೆಯನ್ನು ಅವರತ್ತ ತಳ್ಳಿದರು. "ನೀವೇ ಓದಿ ನೋಡಿ. ಇದನ್ನ ಓದಿದ್ಮೇಲೆ ವಿಚಾರಿಸಬೇಕು ಅಂತ ಅನ್ನಿಸಲ್ಲ. ಜೊತೆಗೆ ಕೊಟ್ಟ ಗಂಟೆಗಳ ಪ್ರಮಾಣಪತ್ರಕ್ಕೂ ಹಾರಾಟದ ಕ್ಲಬ್ಬಿನ ಮುದ್ರೆ ಇತ್ತು."

ರೈಯಾ ಓದಿದರು. ಹೊಗಳಿಕೆಯ ಒಂದು ಪದವೂ ಅಲ್ಲಿರಲಿಲ್ಲ. ಹೆಸರಿನ ಕೆಳಗೆ ಮೊದಲ ಸಾಲು: 'ಅರವತ್ತೊಂದು ಜನರನ್ನು ಮೊದಲ ಸಲ ಒಂಟಿಯಾಗಿ ಆಕಾಶಕ್ಕೆ ಕಳಿಸಿದ್ದೇನೆ. ಅರವತ್ತೊಂದು ಜನರೂ ಹಿಂದಿರುಗಿದ್ದಾರೆ.' ಅದರ ಕೆಳಗೆ ವಿಮಾನದ ನೋಂದಣಿ ಸಂಖ್ಯೆ, ಹಾರಿಸಿದ 640 ಗಂಟೆ, 2019ರಿಂದ 2022 ಎಂಬ ವರ್ಷಗಳು. ಆಮೇಲೆ: 'ನವೆಂಬರಿನಲ್ಲಿ ಎಂಜಿನ್ ನಿಂತಾಗ ವಿದ್ಯಾರ್ಥಿಯ ಕೈಯಿಂದಲೇ, ಅರ್ಧ ಹೆಪ್ಪುಗಟ್ಟಿದ ಸರೋವರದ ತೆರೆದ ನೀರಿನಲ್ಲಿ, ವಿಮಾನ ಇಳಿಸಿದೆ.' ಇನ್ನೂ ಕೆಳಗೆ: 'ಎತ್ತರಕ್ಕೆ ಹೆದರುವ ಮೂವರಿಗೆ ಕಲಿಸಿದ್ದೇನೆ. ಮೂವರೂ ಈಗಲೂ ಹೆದರುತ್ತಾರೆ, ಹಾರುತ್ತಾರೆ.'

ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ರೈಯಾ ಸಾವಿರಾರು ಹಾಳೆ ಓದಿದ್ದರು. ಸಣ್ಣ ವಿಮಾನವನ್ನು ಒಂದು ಸಲವೂ ಹತ್ತಿದವರಲ್ಲ. ಆದರೂ ಆ ಕೊನೆಯ ಸಾಲಿಗೆ ಬಂದಾಗ ಅವರ ತೋಳಿನ ಕೂದಲು ನಿಮಿರಿತು. ಅವರು ಮೊದಲಿನಿಂದ ಇನ್ನೊಮ್ಮೆ ಓದಿದರು.

9.30ಕ್ಕೆ ಎಫ್‌ಐಆರ್ ದಾಖಲಾಯಿತು: ಸುಳ್ಳು ದಾಖಲೆ ಸೃಷ್ಟಿ, ಅದರಿಂದ ಪರರ ಜೀವಕ್ಕೆ ಅಪಾಯ. 10.15ಕ್ಕೆ ಕಾನ್ಸ್‌ಟೇಬಲ್ ಓತ್ಸೊ ನಿವಾ ಜೊತೆ ದಂಡೆಗೆ ಹೋಗಿ ವಿಮಾನದ ಪಂಚನಾಮೆ ಮಾಡಿದರು. ಸಕಾರಿಯ ಬಾಡಿಗೆ ಕೋಣೆಯ ಕಪಾಟಿನಲ್ಲಿ, ಅಂಗಿಗಳ ಅಡಿಯಲ್ಲಿ, ಅವನ ನಿಜವಾದ ಹಾರಾಟದ ಪುಸ್ತಕ ಸಿಕ್ಕಿತು. ಪರವಾನಗಿ ಅಸಲಿಯೇ. ಒಟ್ಟು ಹಾರಾಟ 231 ಗಂಟೆ, ಅದರಲ್ಲಿ ನೀರಿನ ವಿಮಾನ 14 ಗಂಟೆ.

ಮಧ್ಯಾಹ್ನ 1.20ಕ್ಕೆ ವಿಚಾರಣೆ.

"ಇದನ್ನ ಬರೆದೋರು ಯಾರು?"

"ನಾನೇ."

"ಎಂಜಿನ್ ನಿಂತಾಗ ಇಳಿಸಿದ್ದು ಯಾವ ಸರೋವರದಲ್ಲಿ?"

ಸಕಾರಿ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡು ಓದತೊಡಗಿದ.

"ವಿದ್ಯಾರ್ಥಿ ಹೆಸರು?"

"ಮರೆತಿದ್ದೀನಿ."

"ಅಂಥದ್ದನ್ನ ಯಾರಾದ್ರೂ ಮರೀತಾರಾ ಸಕಾರಿ?"

ಅವನು ತಲೆ ತಗ್ಗಿಸಿದ. "ಹದಿನೇಳು ಕಡೆ ಅರ್ಜಿ ಹಾಕಿದ್ದೆ. ಎಲ್ರೂ ಅನುಭವ ತಗೊಂಡು ಬಾ ಅಂತಾರೆ. ಕೆಲಸ ಕೊಡದೆ ಅನುಭವ ಎಲ್ಲಿಂದ ತರ್ಲಿ?"

"ಯಾರು ಬರೆದುಕೊಟ್ರು?"

"ನಾನೇ ಬರೆದೆ ಅಂದ್ನಲ್ಲ."

ಹೊರಗೆ ಬಂದ ಮೇಲೆ ಓತ್ಸೊ ಇನ್ನೊಂದು ಹಾಳೆ ತೋರಿಸಿದ. "ಇದು ಅವನ ಹಳೇ ಅರ್ಜಿ ಮೇಡಂ, ಕೋಣೇಲಿ ಸಿಕ್ತು. 'ನಾನು ಉತ್ಸಾಹಿ, ಶ್ರಮಜೀವಿ, ಎಲ್ಲರೊಂದಿಗೂ ಬೆರೆಯುವವನು.' ನಮ್ಮನೆ ನಾಯಿಗೂ ಇವೇ ಗುಣ ಇವೆ. ಈ ಎರಡನ್ನೂ ಬರೆದಿದ್ದು ಒಂದೇ ಕೈ ಅಲ್ಲ."

ಬುಧವಾರ, ಜೂನ್ 18. ವಿಮಾನಯಾನ ಕಚೇರಿಯಿಂದ ಬೆಳಿಗ್ಗೆ 8.50ಕ್ಕೆ ಉತ್ತರ ಬಂತು. ರೆಸ್ಯೂಮೆಯಲ್ಲಿದ್ದ ಸಂಖ್ಯೆಯ ವಿಮಾನವನ್ನು 1999ರಲ್ಲೇ ನೋಂದಣಿಯಿಂದ ತೆಗೆಯಲಾಗಿತ್ತು. ಅದು ಈಗ ತೊಂಬತ್ತು ಕಿಲೋಮೀಟರ್ ದೂರದ ಸಂಗ್ರಹಾಲಯದಲ್ಲಿದೆ.

"ಅಂದ್ರೆ ಅವನು ಚಾವಣಿಗೆ ನೇತುಹಾಕಿರೋ ವಿಮಾನ ಹಾರಿಸಿದ್ದಾನೆ," ಎಂದ ಓತ್ಸೊ.

ನಿಜಕ್ಕೂ ಅದು ಚಾವಣಿಯಿಂದ ತೂಗುತ್ತಿತ್ತು. ಕೆಂಪು ಬಣ್ಣ, ಒಳಗೆ ಎರಡೇ ಆಸನ. ಅಗಲ ನೋಡಿದರೆ ಇಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡೇ ಕೂರಬೇಕು. ರೆಕ್ಕೆಗೆ ಹೊದಿಸಿದ್ದು ಲೋಹವಲ್ಲ, ಬಣ್ಣ ಬಳಿದ ಬಟ್ಟೆ. ರೈಯಾ ಅದರ ಕೆಳಗೆ ಕತ್ತೆತ್ತಿ ನಿಂತರು. ಇಷ್ಟೇ ಇಷ್ಟು ಬಟ್ಟೆ, ಇಷ್ಟೇ ಇಷ್ಟು ತಂತಿ. ಹಾಳೆಯ ಮಾತು ನಿಜವೇ ಆಗಿದ್ದರೆ, ಇದರಲ್ಲಿ ಯಾರೋ ಒಬ್ಬರು ಅರವತ್ತೊಂದು ಸಲ ತಮ್ಮ ಪಕ್ಕದ ಬಾಗಿಲು ತೆರೆದು ಇಳಿದು, ಒಳಗೆ ಉಳಿದವರಿಗೆ ಹೋಗು ಎಂದಿದ್ದಾರೆ. ಆಮೇಲೆ ದಂಡೆಯಲ್ಲಿ ನಿಂತು ಕಾದಿದ್ದಾರೆ. ಓತ್ಸೊ ಎರಡು ಸಲ ಕರೆದ ಮೇಲೆ ರೈಯಾ ತಲೆ ಇಳಿಸಿದರು.

ಮೇಲ್ವಿಚಾರಕಿ ಆ ವಿಮಾನದ ದಿನಚರಿ ತಂದುಕೊಟ್ಟರು. 1987ರ ನವೆಂಬರ್ 8ರ ಎದುರು ಪೆನ್ಸಿಲಿನಲ್ಲಿ ಬರೆದಿತ್ತು: 'ಎಂಜಿನ್ ನಿಂತಿತು. ಹಾಪಲಾ ಇಳಿಸಿದ. ಇಬ್ಬರಿಗೂ ಚಳಿ.' ಬೋಧಕರ ಸಹಿ: ಎ. ಸಿಪೋಲಾ.

ದಿನಚರಿಯಲ್ಲಿದ್ದ ಆ ವಿದ್ಯಾರ್ಥಿ, ಉಂಟಮೊ ಹಾಪಲಾ, ಈಗ ಅರವತ್ನಾಲ್ಕು ವರ್ಷದ ದಂತವೈದ್ಯ. ಮಧ್ಯಾಹ್ನ 2.05ಕ್ಕೆ ತಮ್ಮ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹೇಳಿಕೆ ಕೊಟ್ಟರು.

"ಸದ್ದೆಲ್ಲ ಒಮ್ಮೆಗೇ ನಿಂತುಹೋಯ್ತು. ನಾನು ಕೈ ಬಿಟ್ಟು, ನೀವೇ ಇಳಿಸಿ ಅಂತ ಅಂಗಲಾಚಿದೆ. ಅವರು ಎರಡೂ ಕೈ ಮಡಿಲಲ್ಲಿ ಇಟ್ಕೊಂಡು ಕೂತಿದ್ರು. 'ನಾನಿಲ್ಲದ ದಿನ ನಿಂತ್ರೆ ಏನ್ಮಾಡ್ತೀಯ?' ಅಂದ್ರು. ಅಷ್ಟೇ. ಕೆಳಗೆ ಎಲ್ಲಾ ಮಂಜುಗಡ್ಡೆ, ನಡುವೆ ಒಂದು ಕಪ್ಪು ಪಟ್ಟಿ ನೀರು. ಹೇಗೆ ಇಳಿಸಿದ್ನೋ ನಂಗೆ ಈಗ್ಲೂ ಗೊತ್ತಿಲ್ಲ. ಅವರ ಮುಖ ನೋಡಿದ್ರೆ ಬಸ್ಸಿಗೆ ಕಾಯ್ತಾ ಇರೋರ ಥರ ಇತ್ತು."

"ಅವರು ಅಂದ್ರೆ?"

"ಔನೆ ಸಿಪೋಲಾ. ಯಾಕೆ, ತೀರಿಕೊಂಡ್ರಾ?"

"ಇಲ್ಲ. ಎಲ್ಲಿದ್ದಾರೆ ಗೊತ್ತಾ?"

"ನಿಮ್ಮೂರಲ್ಲೇ ಇದ್ದಾರಲ್ಲ. ಬುಧವಾರ ಲೈಬ್ರರೀಲಿ ಕೂತ್ಕೊಂಡು, ಕೆಲಸ ಹುಡುಕೋರಿಗೆ ಅರ್ಜಿ ತಿದ್ದಿಕೊಡ್ತಾರೆ."

ದಾರಿಯಲ್ಲಿ ರೈಯಾ ದಿನಚರಿಯಲ್ಲಿದ್ದ ಇನ್ನೂ ಏಳು ವಿದ್ಯಾರ್ಥಿಗಳಿಗೆ ಫೋನ್ ಮಾಡಿದರು. ಅವರಲ್ಲಿ ಮೂವರು ಎತ್ತರಕ್ಕೆ ಹೆದರುವವರು. ಹಾಳೆಯ ಒಂದೊಂದೇ ಸಾಲು ನಿಜವಾಗುತ್ತಾ ಹೋಯಿತು. ಕೊನೆಗೆ ಸುಳ್ಳೆಂದು ಉಳಿದಿದ್ದು ಹೆಸರು ಮತ್ತು ವರ್ಷಗಳು ಮಾತ್ರ.

4.10ಕ್ಕೆ ಅವರು ಲೈಬ್ರರಿ ತಲುಪಿದರು. ಕಿಟಕಿಯ ಪಕ್ಕದ ಮೇಜಿನಲ್ಲಿ ಔನೆ ಸಿಪೋಲಾ ಕೂತಿದ್ದರು. ಎಪ್ಪತ್ತೊಂಬತ್ತು ವರ್ಷ, ಕಿವಿಗೆ ಯಂತ್ರ, ಮುಂದೆ ಯಾರೋ ಅಡುಗೆಯವಳ ಅರ್ಜಿ. ಅದರಲ್ಲಿ 'ಅತ್ಯಂತ' ಎಂಬ ಪದ ಕಂಡಲ್ಲೆಲ್ಲ ಹೊಡೆದು ಹಾಕುತ್ತಿದ್ದರು. ಸಮವಸ್ತ್ರ ನೋಡಿ ಪೆನ್ನಿನ ಮುಚ್ಚಳ ಹಾಕಿದರು.

"ಆ ಹುಡುಗಿ ಮೂಳೆ ಕೂಡ್ತಾ ಇದ್ಯಾ?"

"ಆರು ವಾರ ಬೇಕು ಅಂದಿದ್ದಾರೆ," ಎಂದರು ರೈಯಾ.

"ಸಕಾರಿ ನನ್ನ ಹೆಸರು ಹೇಳಿದ್ನಾ?"

"ಇಲ್ಲ."

"ಪೆದ್ದ. ಹೇಳ್ಬೇಕಿತ್ತು. ನಾನೇ ನಿನ್ನೆ ಬರ್ಬೇಕಿತ್ತು, ಧೈರ್ಯ ಸಾಲಲಿಲ್ಲ."

"ಗಂಟೆಗಳ ಪ್ರಮಾಣಪತ್ರಕ್ಕೆ ಮುದ್ರೆ ಹಾಕಿದ್ದು?"

"ನಾನೇ. ನಾನು ಕಲಿಸ್ತಿದ್ದ ಹಾರಾಟದ ಕ್ಲಬ್ ಮುಚ್ಚಿದಾಗ ಮುದ್ರೆ ನನ್ನ ಹತ್ರನೇ ಉಳೀತು." ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಓತ್ಸೊ ಅದನ್ನು ವಶಕ್ಕೆ ಪಡೆದು ಸಮಯ ಬರೆದುಕೊಂಡ: 4.18.

"ಯಾಕೆ ಮಾಡಿದ್ರಿ?"

"ಮಾರ್ಚಲ್ಲಿ ಬಂದ. ಅವನಿಗೆ ತಾಳ್ಮೆ ಇದೆ, ಐದು ವರ್ಷಕ್ಕೆ ಒಳ್ಳೆ ಬೋಧಕ ಆಗ್ತಾನೆ. ಮೊದಲ ವಾರವೇ ನೀರಿನ ವಿಮಾನ ಕೊಡ್ತಾರೆ ಅಂತ ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು."

"ಅಷ್ಟೇನಾ?"

ಔನೆ ಅಡುಗೆಯವಳ ಅರ್ಜಿಯನ್ನು ನೀಟಾಗಿ ಮಡಿಸಿ ಪಕ್ಕಕ್ಕಿಟ್ಟರು.

"ನಾನು ಕಾಗದದ ಕಾರ್ಖಾನೇಲಿ ಮೂವತ್ನಾಲ್ಕು ವರ್ಷ ಟೈಪ್ ಮಾಡಿದೋಳು. ಕಲಿಸಿದ್ದೆಲ್ಲ ಶನಿವಾರ, ಭಾನುವಾರ, ಕ್ಲಬ್ಬಲ್ಲಿ. ಬೋಧಕಿಯ ಕೆಲಸ ಬೇಕು ಅಂತ ಇಪ್ಪತ್ಮೂರು ಶಾಲೆಗೆ ಬರೆದಿದ್ದೆ. ಎರಡು ಕಡೆಯಿಂದ ಉತ್ತರ ಬಂತು. ಒಬ್ರು ಬೇಡ ಅಂದ್ರು. ಇನ್ನೊಬ್ರು ಕಚೇರೀಲಿ ಟೈಪಿಂಗ್ ಕೆಲಸ ಖಾಲಿ ಇದೆ ಅಂದ್ರು."

ರೈಯಾ ಬರೆದುಕೊಂಡರು: ಇಪ್ಪತ್ಮೂರು, ಎರಡು.

"ಸಕಾರಿ ಹೆಸರಲ್ಲಿ ಕಳಿಸಿದ ಮಾರನೇ ದಿನವೇ ಹೈನಹೊ ಫೋನ್ ಮಾಡಿ ಬಾ ಅಂದ್ರಂತೆ. ಅವನು ಓಡಿಬಂದು ಹೇಳಿದ. ಆವತ್ತು ಮನೆಗೆ ಹೋಗಿ, ಮೇಜಿಗೆ ಒಳ್ಳೆ ಬಟ್ಟೆ ಹಾಸಿ, ಏಲಕ್ಕಿ ಬನ್ನು ಬಿಸಿ ಮಾಡ್ಕೊಂಡು, ಒಬ್ಳೇ ಕೂತು ಕಾಫಿ ಕುಡಿದೆ. ನನ್ನನ್ನೇ ಕರೆದ ಹಾಗಿತ್ತು."

"ಈಗ ಏನನ್ಸುತ್ತೆ?"

"ಆ ಹುಡುಗೀನ ನೋಡ್ಬೇಕು. ಕಲಿಯೋಕೆ ಬಂದೋರಲ್ಲಿ ಒಬ್ರಿಗೂ ನನ್ನಿಂದ ಗೀರು ಬಿದ್ದಿರ್ಲಿಲ್ಲ. ಇದು ಬಿತ್ತು. ಇದು ನಂದೇ."

4.55ಕ್ಕೆ ಅವರನ್ನು ಬಂಧಿಸಲಾಯಿತು. ಸಕಾರಿಯ ಮೇಲೂ ಅದೇ ಆರೋಪ ದಾಖಲಾಯಿತು; ಅವನ ಪರವಾನಗಿ ಅಮಾನತಾಯಿತು. ಠಾಣೆಯಲ್ಲಿ ಓತ್ಸೊ ಬಂಧನದ ನಮೂನೆ ತುಂಬಲು ಕೂತ. ಹೆಸರು, ವಿಳಾಸ, ಹುಟ್ಟಿದ ದಿನ.

"ವೃತ್ತಿ ಏನು ಅಜ್ಜಿ?"

"ನಿವೃತ್ತ ಟೈಪಿಸ್ಟ್."

ಓತ್ಸೊನ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಅವನು ರೈಯಾ ಅವರನ್ನು ನೋಡಿದ. ಅವರ ಮುಂದೆ ದಿನಚರಿಯ ನಕಲುಗಳೂ ಎಂಟು ಜನರ ಹೇಳಿಕೆಗಳೂ ಇದ್ದವು.

"ಸಾಕ್ಷ್ಯ ಏನು ಹೇಳುತ್ತೋ ಅದನ್ನ ಬರಿ," ಎಂದರು ರೈಯಾ.

ಓತ್ಸೊ ಬರೆದ: ವಿಮಾನ ಬೋಧಕಿ.

ಔನೆ ಕನ್ನಡಕ ಹಾಕಿಕೊಂಡು ನಮೂನೆಯ ಎರಡೂ ಬದಿಯನ್ನು ನಿಧಾನವಾಗಿ ಓದಿದರು. ವೃತ್ತಿಯ ಸಾಲಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿತ್ತು; ಅದನ್ನು ತೋರಿಸಿ ತಿದ್ದಿಸಿದರು. ಆಮೇಲೆ ಸಹಿ ಹಾಕಿದರು.